ಬೇಸ್‌ಮೆಂಟಿನ ಬಿಸಿಲು

ಟೊರಾಂಟೋ ಪಕ್ಕದ ಮಿಸಿಸಾಗಾದಲ್ಲಿ ನಾವು ಕನ್ನಡದವರು ಡಿಸೆಂಬರಿನಲ್ಲಿ ಒಬ್ಬರ ಮನೆಗೊಬ್ಬರು ಊಟಕ್ಕೆ ಹೋದರೆ ಮೊದಲು ವಿಚಾರಿಸುವುದು ಕರಿಬೇವನ್ನು. ಮಕ್ಕಳ ಓದು, ಊರಿನ ಸುದ್ದಿ ಎಲ್ಲ ಆಮೇಲೆ. "ಎಲೆ ಉದುರಿಸ್ತಾ ಇದೆ ಕಣ್ರೀ" ಎಂದು ಮನೆಯಾಕೆ ಹೇಳುವಾಗ ಹಿರಿಯರಿಗೆ ಹುಷಾರಿಲ್ಲ ಎನ್ನುವಾಗಿನ ಕಳವಳವೇ ದನಿಯಲ್ಲಿರುತ್ತದೆ. ಬೇಸಿಗೆಯಲ್ಲಿ ಹಿತ್ತಿಲಲ್ಲಿ ಎದೆಮಟ್ಟ ಬೆಳೆದು ನಿಂತ ಗಿಡವನ್ನು ಸೆಪ್ಟೆಂಬರ್ ಕೊನೆಗೆ ಕುಂಡದ ಸಮೇತ ಒಳಗೆ ತರುತ್ತೇವೆ. ನವೆಂಬರಿಗೆ ಎಲೆ ಹಳದಿ ತಿರುಗುತ್ತದೆ. ಕ್ರಿಸ್‌ಮಸ್ ಹೊತ್ತಿಗೆ ಉಳಿಯುವುದು ಕಡ್ಡಿ.

ಚಳಿಗೆ ಹೀಗಾಯಿತು ಎನ್ನುತ್ತಾರೆ. ನಾನೂ ಏಳು ವರ್ಷ ಹಾಗೇ ನಂಬಿದ್ದೆ. ಹೀಟಿಂಗ್ ಹೆಚ್ಚಿಸಿದೆ, ಅಮ್ಮ ಫೋನಿನಲ್ಲಿ ಹೇಳಿದಂತೆ ಹುಳಿ ಮಜ್ಜಿಗೆ ಹಾಕಿದೆ, ಅಂಗಡಿಯ ಗೊಬ್ಬರ ಹಾಕಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಗಿಡಕ್ಕೆ ಇದ್ದದ್ದು ಬೆಳಕಿನ ಬಡತನ. ಡಿಸೆಂಬರ್ 21ರಂದು ಬೆಂಗಳೂರಿನಲ್ಲಿ ಹನ್ನೊಂದು ಗಂಟೆಗೂ ಮೀರಿ ಹಗಲಿರುತ್ತದೆ. ಟೊರಾಂಟೋದಲ್ಲಿ ಒಂಬತ್ತು ಗಂಟೆಯೂ ತುಂಬುವುದಿಲ್ಲ. ಆ ಒಂಬತ್ತು ಗಂಟೆಯೂ ಮೋಡ ಸೋಸಿ, ಎರಡು ಪದರದ ಕಿಟಕಿ ಗಾಜು ಸೋಸಿ ಒಳಗೆ ಬಂದ ಮಬ್ಬು. ನಮ್ಮ ಕಣ್ಣಿಗೆ ಅದು ಸಾಕು, ಪೇಪರ್ ಓದಬಹುದು. ಎಲೆಗೆ ಅದು ಉಪವಾಸ.

ಎಂಟನೆಯ ಚಳಿಗಾಲಕ್ಕೆ ದೀಪ ತರಿಸಿದೆ. ಆನ್‌ಲೈನಿನಲ್ಲಿ ಸಿಕ್ಕ ಎಲ್‌ಇಡಿ, ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 1000 ವಾಟ್. ಸ್ವಿಚ್ ಹಾಕಿದರೆ ಕೋಣೆಯೆಲ್ಲ ನೇರಳೆ ಬಣ್ಣ. ಎರಡು ದಿನಕ್ಕೆ ಪಕ್ಕದ ಮನೆಯವರು ಬಾಗಿಲು ತಟ್ಟಿದರು. ಪೋರ್ಚುಗಲ್ ಮೂಲದವರು, ಎಲೆಕ್ಟ್ರಿಷಿಯನ್ ಆಗಿ ನಿವೃತ್ತರಾದವರು. ಕಿಟಕಿಯಲ್ಲಿ ನೇರಳೆ ಬೆಳಕು ಕಂಡು ಬಂದಿದ್ದರು. "ಏನು ಬೆಳೀತಾ ಇದ್ದೀರಿ?" ಎಂದರು. ಕರಿಬೇವು ತೋರಿಸಿದೆ. ಒಂದು ಎಲೆ ಕಿತ್ತು ಹಿಸುಕಿ ಮೂಸಿದರು, ತಲೆದೂಗಿದರು. ಮನೆಗೆ ಹೋಗಿ ಒಂದು ಪುಟ್ಟ ವಾಟ್ ಮೀಟರ್ ತಂದು ಗೋಡೆಯ ಸಾಕೆಟ್ಟಿಗೂ ದೀಪದ ಪ್ಲಗ್ಗಿಗೂ ನಡುವೆ ಸಿಕ್ಕಿಸಿದರು. ಅಂಕಿ ಕುಣಿದು ನಿಂತದ್ದು 98ಕ್ಕೆ.

ಡಬ್ಬಿಯ ಮೇಲಿನ ಸಾವಿರ ಬಂದದ್ದು ಹೀಗೆ: ಒಳಗಿನ ಒಂದೊಂದು ಎಲ್‌ಇಡಿ ಮಣಿಯೂ ಹೆಚ್ಚೆಂದರೆ 10 ವಾಟ್ ತಾಳಬಲ್ಲದು, ಅಂಥವು 100 ಇವೆ, ಗುಣಿಸಿದರೆ 1000. ಆದರೆ ಯಾವ ಮಣಿಗೂ ಅಷ್ಟು ವಿದ್ಯುತ್ ಕೊಡುವುದೇ ಇಲ್ಲ. ಇಂಥ ಲೆಕ್ಕ ಡಬ್ಬಿಯ ಮೇಲೆ ಬರೆಯುವುದು ತಪ್ಪು, ಅದನ್ನು ಮೋಸವೆಂದೇ ಕರೆಯಬೇಕು. ಹೊಸದಾಗಿ ಬಂದ ವಿದ್ಯಾರ್ಥಿಗಳು, ಮುದುಕರು, ನಮ್ಮಂಥ ಮನೆಯವರು ಕೈ ಸುಟ್ಟುಕೊಳ್ಳುವುದು ಇದರಿಂದಲೇ.

"ಒಳ್ಳೇ ದೀಪ ನೋಡ್ಬೇಕಾ? ರಾತ್ರಿ ಒಂಬತ್ತಕ್ಕೆ ಬನ್ನಿ" ಎಂದರು ಪಕ್ಕದ ಮನೆಯವರು. ಈಗಲೇ ಬರಲೇ ಎಂದೆ, ಸಂಜೆ ಆರಾಗಿತ್ತು. "ಬೇಡ. ಈಗ ಅವು ಮಲಗಿವೆ."

ಅವರ ಬೇಸ್‌ಮೆಂಟಿನಲ್ಲಿ ಇದ್ದದ್ದು ನಾಲ್ಕು ಗಾಂಜಾ ಗಿಡ. ಇದು ಕದ್ದುಮುಚ್ಚಿ ಮಾಡುವ ಕೆಲಸವಲ್ಲ ಇಲ್ಲಿ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ವಯಸ್ಕರಿಗೆ ಗಾಂಜಾ ಕಾನೂನುಬದ್ಧ, ಒಂಟಾರಿಯೋದಲ್ಲಿ ಮನೆಯೊಂದಕ್ಕೆ ನಾಲ್ಕು ಗಿಡ ಬೆಳೆಯಬಹುದು. ಜರ್ಮನಿಯೂ 2024ರ ಏಪ್ರಿಲ್ 1ರಿಂದ ವಯಸ್ಕರಿಗೆ ತಲಾ ಮೂರು ಗಿಡಕ್ಕೆ ಒಪ್ಪಿದೆ. ಊರಲ್ಲಿ ಕೂತು ಓದುತ್ತಿರುವವರು ಇದನ್ನು ತಮಗೆ ಅನ್ವಯಿಸಿಕೊಳ್ಳಬಾರದು: ಭಾರತದಲ್ಲಿ 1985ರ ಮಾದಕವಸ್ತು ಕಾಯ್ದೆಯಡಿ ಅನುಮತಿಯಿಲ್ಲದೆ ಒಂದು ಗಿಡ ಬೆಳೆದರೂ ಅಪರಾಧವೇ. ನಾನು ಅದನ್ನು ಸೇದುವವನಲ್ಲ, ಸೇದಿ ಎಂದು ಯಾರಿಗೂ ಹೇಳುವವನೂ ಅಲ್ಲ. ಆದರೆ ಬೆಳಕಿನ ವಿಷಯದಲ್ಲಿ ಈ ಗಿಡ ಬೆಳೆಯುವವರಷ್ಟು ತಲೆ ಕೆಡಿಸಿಕೊಂಡವರು ಇನ್ನೊಬ್ಬರಿಲ್ಲ. ಮನೆಯೊಳಗೆ ಗಿಡ ಬೆಳೆಸುವ ದೀಪ ಇಂದು ಇಷ್ಟು ಸುಧಾರಿಸಿರುವುದರಲ್ಲಿ ಅವರ ದುಡ್ಡು, ಅವರ ಹಟ ಎರಡೂ ಸೇರಿವೆ. ನನ್ನ ಕರಿಬೇವು ಆ ಋಣದಲ್ಲಿದೆ.

ಒಂಬತ್ತಕ್ಕೆ ಹೋದೆ. ನಾಲ್ಕಡಿ ಉದ್ದ ನಾಲ್ಕಡಿ ಅಗಲದ ಬಟ್ಟೆಯ ಗೂಡು. ಹೊರಗೆ ಕಪ್ಪು, ಒಳಗೆ ಬೆಳ್ಳಿಯ ಹೊಳಪು. ಜಿಪ್ ಎಳೆದರೆ ಮೇ ತಿಂಗಳ ನಡುಮಧ್ಯಾಹ್ನ! ಬಿಳಿ ಬೆಳಕು, ನೇರಳೆಯ ಸುಳಿವೂ ಇಲ್ಲ. ಎಲೆಗಳು ಅಂಗೈ ಚಾಚಿದಂತೆ ಮೇಲಕ್ಕೆ ಮುಖ ಮಾಡಿದ್ದವು. ಗೆಣ್ಣುಗಳ ನಡುವೆ ಎರಡು ಬೆರಳಿನ ಅಂತರ, ಅಷ್ಟು ಒತ್ತಾಗಿ ಬೆಳೆದಿದ್ದವು. ನನ್ನ ಕರಿಬೇವಿನ ಗೆಣ್ಣುಗಳು ಕಿಟಕಿ ಕಡೆಗೆ ವಾಲಿ ಗೇಣುದ್ದ ಸಣಕಲಾಗಿದ್ದವು. ಬೆಳಕು ಸಾಲದ ಗಿಡ ಬೆಳಕನ್ನು ಹುಡುಕಿಕೊಂಡು ಉದ್ದಕ್ಕೆ ಓಡುತ್ತದೆ.

ಬಿಳಿ ಯಾಕೆ, ನೇರಳೆ ಯಾಕಲ್ಲ ಎಂದು ಕೇಳಿದೆ. ಅದಕ್ಕೊಂದು ಕಥೆಯೇ ಇದೆ. ಎಲೆಯ ಹಸಿರು ಕೆಂಪನ್ನೂ ನೀಲಿಯನ್ನೂ ಹೆಚ್ಚು ಹೀರುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಕೆಂಪು ಎಲ್‌ಇಡಿ 1962ರಲ್ಲೇ ನಿಕ್ ಹೊಲೊನ್ಯಾಕ್ ಕೈಯಲ್ಲಿ ಬೆಳಗಿತ್ತು. ಹೊಳಪಿನ ನೀಲಿ ಬರಲು ಮೂವತ್ತು ವರ್ಷ ಹಿಡಿಯಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಮುರಾ ಮೂವರಿಗೂ 2014ರಲ್ಲಿ ನೊಬೆಲ್ ಬಂತು. ಕೆಂಪಿಗೆ ನೀಲಿ ಸೇರಿಸಿದರೆ ನೇರಳೆ. ಬಾಹ್ಯಾಕಾಶ ನಿಲ್ದಾಣದಲ್ಲಿ ನಾಸಾ ಇಟ್ಟ ಪುಟ್ಟ ತೋಟದ ದೀಪವೂ ಅದೇ ಬಣ್ಣದ್ದು. 2015ರ ಆಗಸ್ಟಿನಲ್ಲಿ ಗಗನಯಾತ್ರಿಗಳು ಅಲ್ಲೇ ಬೆಳೆದ ಲೆಟಿಸ್ ಸೊಪ್ಪು ತಿಂದರು. ಆದರೆ ಎಲೆ ಹಸಿರು ಬೆಳಕನ್ನು ಬಿಸಾಡುತ್ತದೆ ಎಂಬುದು ಅರ್ಧ ಸತ್ಯ. 1970ರ ದಶಕದ ಆರಂಭದಲ್ಲೇ ಕೀತ್ ಮೆಕ್‌ಕ್ರೀ ಎಂಬ ವಿಜ್ಞಾನಿ ಇಪ್ಪತ್ತೆರಡು ಬೆಳೆಗಳ ಎಲೆಗಳನ್ನು ಒಂದೊಂದು ಬಣ್ಣದ ಬೆಳಕಿಗೂ ಒಡ್ಡಿ ಅಳೆದು, ಹಸಿರೂ ಸಾಕಷ್ಟು ಉಪಯೋಗಕ್ಕೆ ಬರುತ್ತದೆಂದು ತೋರಿಸಿದ್ದರು. ಮೇಲಿನ ಎಲೆ ದಾಟಿ ಕೆಳಗಿನ ಎಲೆಗೆ ಇಳಿಯುವುದು ಈ ಹಸಿರೇ. ಬಿಳಿ ಎಲ್‌ಇಡಿ ಎಂದರೆ ನೀಲಿ ಎಲ್‌ಇಡಿಯ ಮೇಲೆ ಫಾಸ್ಫರ್ ಲೇಪ ಕೊಟ್ಟದ್ದು, ಅದರಲ್ಲಿ ಎಲ್ಲ ಬಣ್ಣವೂ ಇದೆ. ಜೊತೆಗೆ ಒಂದಷ್ಟು ಕಡುಗೆಂಪು ಮಣಿ ಸೇರಿಸಿದರೆ ಸಾಕು. ಇನ್ನೊಂದು ಲಾಭ ಸಣ್ಣದಲ್ಲ: ಬಿಳಿ ಬೆಳಕಿನಲ್ಲಿ ಎಲೆಯ ನಿಜವಾದ ಬಣ್ಣ ಕಾಣುತ್ತದೆ. ನೇರಳೆಯಲ್ಲಿ ಹಳದಿ ಎಲೆ, ಹೇನು, ಜೇಡನುಸಿ ಯಾವುದೂ ಕಣ್ಣಿಗೆ ಬೀಳುವುದಿಲ್ಲ.

ಹಾಗಾದರೆ ಅಂಗಡಿಯಲ್ಲಿ ಏನು ಕೇಳಬೇಕು? ಲ್ಯೂಮೆನ್ ಕೇಳಬೇಡಿ. ಅದು ಮನುಷ್ಯರ ಕಣ್ಣಿನ ಅಳತೆ, ಹಳದಿ-ಹಸಿರಿಗೆ ಹೆಚ್ಚು ಅಂಕ ಕೊಡುತ್ತದೆ. ಗಿಡ ಎಣಿಸುವುದು ಬೆಳಕಿನ ಕಣಗಳನ್ನು. ಅದರ ಲೆಕ್ಕ ಮೈಕ್ರೋಮೋಲಿನಲ್ಲಿ. ಒಂದು ಜೌಲ್ ವಿದ್ಯುತ್ತಿಗೆ ದೀಪ ಎಷ್ಟು ಮೈಕ್ರೋಮೋಲ್ ಬೆಳಕು ಉಗುಳುತ್ತದೆ ಎಂಬ ಒಂದು ಅಂಕಿ ಕೇಳಿದರೆ ದೀಪದ ಜಾತಕವೇ ಸಿಕ್ಕಿದ ಹಾಗೆ. ಒಳ್ಳೆಯ ದೀಪದಲ್ಲಿ ಅದು 2.5 ಇಲ್ಲವೇ ಅದಕ್ಕೂ ಹೆಚ್ಚಿರುತ್ತದೆ. ಹೆಸರುವಾಸಿ ಕಂಪನಿಗಳು ಅದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತವೆ. ಬರೆಯದವರ ದೀಪ ನಾನಂತೂ ಇನ್ನು ಕೊಳ್ಳುವುದಿಲ್ಲ.

ಪಕ್ಕದ ಮನೆಯವರ ದೀಪ ನಿಜವಾಗಿ ಎಳೆಯುವುದು 440 ವಾಟ್, ಜೌಲಿಗೆ 2.7. ಗುಣಿಸಿ ಆ ನಾಲ್ಕಡಿ ಚೌಕದ ಮೇಲೆ ಹರಡಿದರೆ ಒಂದು ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 800 ಮೈಕ್ರೋಮೋಲ್. ಬೇಸಿಗೆಯ ನೆತ್ತಿ ಬಿಸಿಲು 2000ದ ಆಸುಪಾಸು. ಹೂ ಬಿಡುವ ಗಾಂಜಾ ಗಿಡ ಅಷ್ಟು ಹೊಟ್ಟೆಬಾಕ. ನಮ್ಮೂರಿನಿಂದ ಮುಕ್ಕಾಲು ಗಂಟೆ ದಾರಿಯ ಗ್ವೆಲ್ಫ್ ವಿಶ್ವವಿದ್ಯಾಲಯದವರು 120ರಿಂದ 1800ರವರೆಗೆ ಬೆಳಕು ಏರಿಸಿ ನೋಡಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೆಳಕು ಏರಿದಂತೆಲ್ಲ ಹೂವಿನ ತೂಕವೂ ಏರುತ್ತಲೇ ಹೋಯಿತು. ಅಮಲಿನ ಅಂಶದ ಸಾಂದ್ರತೆ ಮಾತ್ರ ಬದಲಾಗಲಿಲ್ಲ. ಹೆಚ್ಚು ಬೆಳಕು ಹಾಕಿದರೆ ಹೆಚ್ಚು ಖಾರ ಎನ್ನುವ ಮಾರಾಟಗಾರರ ಮಾತಿಗೆ ಉತ್ತರ ಅಲ್ಲಿದೆ.

ಎಲ್‌ಇಡಿಗೆ ಮುಂಚೆ ಈ ಜನ ಉಪಯೋಗಿಸುತ್ತಿದ್ದದ್ದು ರಸ್ತೆದೀಪದ ಜಾತಿಯ ಸೋಡಿಯಂ ದೀಪ, ಒಂದೊಂದೂ 600 ಇಲ್ಲವೇ 1000 ವಾಟ್, ಈ ಸಲ ನಿಜವಾದ ವಾಟ್. ಆ ಶಾಖ ಹೊರಹಾಕಲು ಮತ್ತೆ ಎಸಿ. ಅಮೆರಿಕದಲ್ಲಿ ಒಳಾಂಗಣ ಗಾಂಜಾ ಕೃಷಿಯೊಂದೇ ದೇಶದ ವಿದ್ಯುತ್ತಿನ ಸುಮಾರು ಶೇಕಡಾ 1ರಷ್ಟನ್ನು ನುಂಗುತ್ತಿದೆ ಎಂದು ಇವಾನ್ ಮಿಲ್ಸ್ ಎಂಬ ಸಂಶೋಧಕ 2012ರಲ್ಲಿ ಲೆಕ್ಕ ಹಾಕಿದ್ದರು. ಅದಕ್ಕೇ ಎಂಥ ದೀಪ ಆಯ್ದುಕೊಳ್ಳಬೇಕು ಎಂಬುದು ಬರೀ ಜೇಬಿನ ಪ್ರಶ್ನೆ ಎಂದು ನನಗೆ ಅನ್ನಿಸುವುದಿಲ್ಲ.

ಇಷ್ಟೆಲ್ಲ ಕಲಿತ ಉತ್ಸಾಹದಲ್ಲಿ ಆ ಭಾನುವಾರ ಸೋದರಮಾವನಿಗೆ ಫೋನ್ ಮಾಡಿದೆ. ಮಾವ ಇರುವುದು ಚಿಕ್ಕಬಳ್ಳಾಪುರದ ಕಡೆ, ಎರಡು ಎಕರೆ ಸೇವಂತಿಗೆ. ಆ ಸೀಮೆಯಲ್ಲಿ ರಾತ್ರಿ ಬಸ್ಸಿನಲ್ಲಿ ಹೋದವರು ನೋಡಿರುತ್ತೀರಿ: ಕತ್ತಲ ಹೊಲದಲ್ಲಿ ಸಾಲುಸಾಲು ಬಲ್ಬು, ಜಾತ್ರೆಗೆ ಸೀರಿಯಲ್ ಸೆಟ್ ಬಿಟ್ಟಂತೆ. "ನಾನೂ ಗಿಡಕ್ಕೆ ಲೈಟ್ ಹಾಕಿದೀನಿ ಮಾವ, ನಿಮ್ಮ ಥರಾನೇ. ಚೆನ್ನಾಗಿ ಬೆಳೀಲಿ ಅಂತ" ಎಂದೆ.

"ನಾವು ಹಾಕೋದು ಅದಕ್ಕಲ್ಲ ಕಣಪ್ಪ" ಎಂದರು ಮಾವ. "ಹೂವು ಬರದೇ ಇರ್ಲಿ ಅಂತ ಹಾಕೋದು."

ಸೇವಂತಿಗೆ ರಾತ್ರಿಯನ್ನು ಅಳೆಯುವ ಗಿಡ. ರಾತ್ರಿ ಉದ್ದವಾಯಿತೆಂದರೆ ಬೆಳೆಯುವುದು ಬಿಟ್ಟು ಮೊಗ್ಗಿಗೆ ತಿರುಗಿಬಿಡುತ್ತದೆ. ಎಳೆ ಸಸಿಯಲ್ಲೇ ಮೊಗ್ಗು ಬಂದರೆ ಗಿಡ ಗಿಡ್ಡ, ಹೂ ನಾಲ್ಕು. ಅದಕ್ಕೆ ನಾಟಿಯಾದ ಮೊದಲ ತಿಂಗಳು ಒಂದೂವರೆ ತಿಂಗಳು ಮಾವ ರಾತ್ರಿ ಹತ್ತರಿಂದ ಎರಡರವರೆಗೆ ಬಲ್ಬು ಉರಿಸುತ್ತಾರೆ. ಒಂದು ಉದ್ದ ರಾತ್ರಿ ಮುರಿದು ಎರಡು ಗಿಡ್ಡ ರಾತ್ರಿಯಾಗುತ್ತದೆ. ಗಿಡ ಇನ್ನೂ ಬೇಸಿಗೆಯೆಂದು ಕವಲೊಡೆಯುತ್ತ ಹೋಗುತ್ತದೆ. ಕುಡಿ ಚಿವುಟಿ, ಪೊದೆಯಾದ ಮೇಲೆ ಬಲ್ಬು ಆರಿಸಿದರೆ ಹಬ್ಬಕ್ಕೆ ಸರಿಯಾಗಿ ಹೂವು. ಆ ಬಲ್ಬು ಬರೀ 9 ವಾಟಿನದು. ಅದರಿಂದ ಗಿಡದ ಹೊಟ್ಟೆ ತುಂಬುವುದಿಲ್ಲ, ತುಂಬಬೇಕಾಗಿಯೂ ಇಲ್ಲ. ಹಗಲಿಗೆ ಚಿಕ್ಕಬಳ್ಳಾಪುರದ ಬಿಸಿಲಿದೆ.

ಫೋನಿಟ್ಟ ಮೇಲೆ "ಅವು ಮಲಗಿವೆ" ಎಂಬ ಮಾತು ಅರ್ಥವಾಯಿತು. ಗಾಂಜಾವೂ ಸೇವಂತಿಗೆಯ ಹಾಗೇ ರಾತ್ರಿ ಎಣಿಸುವ ಗಿಡ. ಹದಿನೆಂಟು ಗಂಟೆ ಬೆಳಕು ಕೊಟ್ಟರೆ ಬೆಳೆಯುತ್ತದೆ, ಹನ್ನೆರಡು ಗಂಟೆ ಮುರಿಯದ ಕತ್ತಲೆ ಕೊಟ್ಟರೆ ಹೂ ಬಿಡುತ್ತದೆ. ಆ ಕತ್ತಲೆಯ ನಡುವೆ ಯಾರಾದರೂ ಜಿಪ್ ಎಳೆದು ಟಾರ್ಚ್ ಹಾಕಿದರೆ ಲೆಕ್ಕ ತಪ್ಪುತ್ತದೆ. ಹೆಣ್ಣು ಗಿಡದಲ್ಲೇ ಗಂಡು ಹೂ ಮೂಡಿ ಬೀಜ ಕಟ್ಟುವುದೂ ಉಂಟು. ಪಕ್ಕದ ಮನೆಯವರು ಗಿಡದ ಹಗಲನ್ನು ನಮ್ಮ ರಾತ್ರಿಗೆ ಇಟ್ಟಿದ್ದಾರೆ, ಒಂಬತ್ತರಿಂದ ಬೆಳಗಿನ ಒಂಬತ್ತು. ಒಂಟಾರಿಯೋದಲ್ಲಿ ರಾತ್ರಿ 11ರಿಂದ 7ರವರೆಗೆ ತೀರ ಅಗ್ಗದ ವಿದ್ಯುತ್ ದರದ ಯೋಜನೆಯಿದೆ. ದೀಪದ ಶಾಖವೂ ಚಳಿ ರಾತ್ರಿಗೆ ಮನೆಯಲ್ಲೇ ಉಳಿಯುತ್ತದೆ.

ಹಗಲು-ರಾತ್ರಿಯ ಈ ಗುಟ್ಟನ್ನು ಗಾರ್ನರ್, ಅಲಾರ್ಡ್ ಎಂಬ ಇಬ್ಬರು ಅಮೆರಿಕದ ಕೃಷಿ ಇಲಾಖೆಯಲ್ಲಿ ಒಂದು ಹೂ ಬಿಡದ ತಂಬಾಕಿನ ಗಿಡವನ್ನು ಕತ್ತಲ ಗೂಡಿಗೆ ತಳ್ಳಿ ಎಳೆದು ಕಂಡುಹಿಡಿದು 1920ರಲ್ಲಿ ಬರೆದರು. ಎಲೆಯೊಳಗೆ ಕೆಂಪು ಬೆಳಕನ್ನು ಗುರುತಿಸುವ ಒಂದು ವರ್ಣದ್ರವ್ಯವಿದೆ, ಫೈಟೋಕ್ರೋಮ್. ಅದಕ್ಕೆ ಒಂದಿಷ್ಟು ಬೆಳಕು ಸಾಕು, ಹಗಲಾಯಿತೆಂಬ ಸುದ್ದಿ ಮುಟ್ಟಿತು. ಉಣ್ಣಲು ಬೇಕಾದ ಬೆಳಕು ಬೇರೆ, ಸುದ್ದಿ ತರುವ ಬೆಳಕು ಬೇರೆ. ಅಂಗಡಿಯವರು ಮಾರುವುದು ಮೊದಲನೆಯದನ್ನು. ಎರಡನೆಯದನ್ನು ನಾವೇ ನೋಡಿಕೊಳ್ಳಬೇಕು, ಒಂದು ಟೈಮರ್ ಹಾಕಿ, ಕಿಟಕಿಯ ಸಂದು ಮುಚ್ಚಿ.

ಕರಿಬೇವಿಗೆ ಇಷ್ಟು ಕಟ್ಟುನಿಟ್ಟು ಬೇಡ. ನಮಗೆ ಅದರ ಹೂ ಬೇಕಿಲ್ಲ, ಎಲೆ ಬೇಕು. ಕೊನೆಗೆ ನಾನು ಕೊಂಡದ್ದು ನಿಜವಾದ 40 ವಾಟಿನ ಬಿಳಿ ದೀಪ, ಜೌಲಿಗೆ 2.5, ಕೆನಡಾದ ವಿದ್ಯುತ್ ಸುರಕ್ಷತೆಯ ಗುರುತಿರುವುದು. ನೀರು ಹಾಕುವ ಜಾಗದಲ್ಲಿ ಗುರುತಿಲ್ಲದ ದೀಪ ತೂಗುಹಾಕಬಾರದು. ಗಿಡದ ತುದಿಯಿಂದ ಒಂದಡಿ ಮೇಲೆ ಸರಪಳಿಯಲ್ಲಿ ಕಟ್ಟಿ, ಎಲೆಯ ಮೇಲೆ 200 ಮೈಕ್ರೋಮೋಲ್ ಬೀಳುವಂತೆ ಇಳಿಸಿ, ದಿನಕ್ಕೆ 14 ಗಂಟೆ ಉರಿಸುತ್ತೇನೆ. ಮೊದಲು ತೀರ ಹತ್ತಿರ ಇಟ್ಟಾಗ ಮೇಲಿನ ಎಲೆಗಳ ಅಂಚು ದೋಣಿಯ ಹಾಗೆ ಮಡಚಿದವು, ನಾಲ್ಕು ಬೆರಳು ಎತ್ತಿದೆ, ಬಿಚ್ಚಿಕೊಂಡವು. ತಿಂಗಳಿಗೆ 17 ಯೂನಿಟ್ ಖರ್ಚು.

ಮೊನ್ನೆ ಡಿಸೆಂಬರ್ 21ಕ್ಕೆ ಎಣಿಸಿದೆ, ಹನ್ನೊಂದು ಹೊಸ ಚಿಗುರು. ಆ ದಿನದ ಸಾರಿನ ಒಗ್ಗರಣೆಗೆ ಮನೆಯ ಎಲೆಯೇ ಹಾಕಿದ್ದು. ಮಿಸಿಸಾಗಾ, ಬ್ರಾಂಪ್ಟನ್ ಕಡೆಯ ಕನ್ನಡದವರು ಯಾರೇ ದೀಪ ಕೊಳ್ಳುವುದಿದ್ದರೂ ಕೊಳ್ಳುವ ಮುಂಚೆ ನಮ್ಮ ಮನೆಗೆ ಬನ್ನಿ. ನಾನೂ ಒಂದು ವಾಟ್ ಮೀಟರ್ ಇಟ್ಟುಕೊಂಡಿದ್ದೇನೆ, ಒಯ್ದು ಅಳೆದು ವಾಪಸ್ ತಂದುಕೊಡಿ.