ತಾತನ ಯೆಜ್ಡಿ ಮತ್ತು ನಾನು ಹೇಳಿದ ಸುಳ್ಳು

ಗೆಳೆಯ ಗೆಳತಿಯರೇ, ಈ ತಿಂಗಳ ಗೋಡೆ ಪತ್ರಿಕೆಗೆ ‘ನನ್ನ ಅನುಭವ’ ಬರೆದುಕೊಂಡು ಬನ್ನಿ ಎಂದು ಕನ್ನಡ ಮೇಷ್ಟ್ರು ಹೇಳಿದರು. ಜಾತ್ರೆ, ಪ್ರವಾಸ, ಅಜ್ಜಿ ಮನೆ ಎಲ್ಲವನ್ನೂ ನೀವು ಬರೆದಿದ್ದೀರಿ. ನಾನು ನನ್ನ ಒಂದು ತಪ್ಪನ್ನು ಬರೆಯುತ್ತೇನೆ.

ನಿಮಗೆ ನೆನಪಿರಬಹುದು. ಶಿವರಾತ್ರಿ ಮುಂಚೆ, ನಾವು ಆರನೇ ತರಗತಿಯಲ್ಲಿದ್ದಾಗ, ದಿನಾ ಹನ್ನೊಂದು ಗಂಟೆಗೆ ಶಾಲೆ ಮುಂದೆ ಒಂದು ಗಾಡಿ ಪಟಪಟಪಟ ಅಂತ ಕಿವಿ ಒಡೆಯೋ ಹಾಗೆ ಹೋಗುತ್ತಿತ್ತು. ಗಣಿತದ ಮೇಡಂ ಸೀಮೆಸುಣ್ಣ ಹಿಡಿದು ಹಾಗೇ ನಿಲ್ಲುತ್ತಿದ್ದರು. ಶಬ್ದ ದೂರ ಹೋದ ಮೇಲೆ “ಎಲ್ಲಿಗೆ ಬಂದಿದ್ವಿ?” ಎಂದು ಕೇಳುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ನಾನೂ ನಗುತ್ತಿದ್ದೆ. ಆ ಗಾಡಿ ನಮ್ಮದು. ಓಡಿಸುತ್ತಿದ್ದವನು ನಮ್ಮಣ್ಣ.

ಅದು ನಿಜವಾಗಿ ನಮ್ಮ ತಾತನ ಗಾಡಿ. ಯೆಜ್ಡಿ. ನಮ್ಮ ಮೈಸೂರಿನಲ್ಲೇ ತಯಾರಾದದ್ದು. ಅಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಈ ಗಾಡಿಯ ವಿಶೇಷವೇನೆಂದರೆ ಕಿಕ್ಕರ್ ಮತ್ತು ಗೇರ್ ಎರಡೂ ಒಂದೇ ಕಡ್ಡಿ. ಎತ್ತಿ ಹಿಡಿದರೆ ಕಿಕ್ಕರ್, ಇಳಿಸಿದರೆ ಗೇರ್. ಇಂಜಿನ್ನಿಗೆ ಪಿಸ್ಟನ್ ಒಂದೇ, ಆದರೆ ಸೈಲೆನ್ಸರ್ ಎರಡು. ಇದು ಟೂ ಸ್ಟ್ರೋಕ್ ಗಾಡಿ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು. ನಮ್ಮಪ್ಪ ಲೀಟರಿಗೆ 40 ಮಿಲಿ ಹಾಕುತ್ತಾರೆ. ಆ ಎಣ್ಣೆಯೇ ಒಳಗಡೆ ಪಿಸ್ಟನ್ನಿಗೆ ಜಿಡ್ಡು.

ತಾತ ಮಗ್ಗ ನೇಯುತ್ತಾರೆ. ಮೊಳಕಾಲ್ಮೂರು ರೇಷ್ಮೆ ಸೀರೆ ನಿಮಗೆಲ್ಲ ಗೊತ್ತೇ ಇದೆ, ಅದಕ್ಕೆ 2011ರಲ್ಲಿ ಜಿ.ಐ. ಗುರುತು ಸಿಕ್ಕಿತು. ನೇಯ್ದ ಸೀರೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಇದೇ ಯೆಜ್ಡಿ ಮೇಲಿಟ್ಟು ಎಷ್ಟೋ ವರ್ಷ ಓಡಾಡಿದ್ದಾರೆ. ಈಗ ಅವರಿಗೆ ಕಣ್ಣು ಮಂಜು, ಗಾಡಿ ಓಡಿಸುವುದಿಲ್ಲ. ಅದಕ್ಕೇ ಅಣ್ಣನ ಕೈಗೆ ಬಂತು.

ನಮ್ಮಪ್ಪ ಚಳ್ಳಕೆರೆಯಲ್ಲಿ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾರೆ. ಶನಿವಾರ ರಾತ್ರಿ ಬಂದು ಸೋಮವಾರ ಬೆಳಿಗ್ಗೆ ಬಸ್ಸಿಗೆ ಹೋಗುತ್ತಾರೆ. ಭಾನುವಾರ ಊರಿನವರ ಗಾಡಿಗಳನ್ನು ನಮ್ಮನೆ ಮುಂದಿನ ಬೇವಿನ ಮರದ ಕೆಳಗೆ ರಿಪೇರಿ ಮಾಡುತ್ತಾರೆ. ನಾನು ಪಾನಾ ಎತ್ತಿ ಕೊಡುತ್ತೇನೆ. ಹತ್ತು ನಂಬರ್ ಅಂದರೆ ಹತ್ತು, ಹದಿನಾಲ್ಕು ಅಂದರೆ ಹದಿನಾಲ್ಕು. ಹುಡುಗಿ ಕೈಗೆ ಗ್ರೀಸು ಯಾಕಪ್ಪಾ ಅಂತ ಅಜ್ಜಿ ಬೈತಾರೆ. ಅಪ್ಪ ನಕ್ಕು ಸುಮ್ಮನಾಗುತ್ತಾರೆ.

ಹಳೇ ಸೈಲೆನ್ಸರ್ ಎರಡೂ ತುಕ್ಕು ಹಿಡಿದು ಒಂದು ಕಡೆ ತೂತಾಗಿದ್ದವು. ಅಣ್ಣ ಮೊಬೈಲಿನಲ್ಲಿ ಏನೇನೋ ನೋಡಿ, ಬಳ್ಳಾರಿಗೆ ಹೋಗಿ, 2,800 ರೂಪಾಯಿ ಕೊಟ್ಟು ಎರಡು ಗಿಡ್ಡ ಪೈಪು ತಂದ. ಒಳಗೆ ಇಣುಕಿ ನೋಡಿದರೆ ಆ ಕಡೆ ಆಕಾಶ ಕಾಣುತ್ತಿತ್ತು! ಕಂಪನಿಯ ಸೈಲೆನ್ಸರ್ ಒಳಗೆ ತೂತು ತೂತಿನ ತಗಡುಗಳಿರುತ್ತವೆ. ಹೊಗೆ ಅವುಗಳಲ್ಲಿ ನುಗ್ಗಿ ನುಗ್ಗಿ ಬರುವಷ್ಟರಲ್ಲಿ ಶಬ್ದ ಸಾಯುತ್ತದೆ. ಇದರಲ್ಲಿ ಏನೂ ಇಲ್ಲ. ಮೊದಲ ಸಲ ಕಿಕ್ ಹೊಡೆದಾಗ ಕೋಳಿಗಳೆಲ್ಲ ಹಾರಿ ಬಣವೆ ಮೇಲೆ ಕೂತವು. ನನಗೆ ಬಹಳ ಖುಷಿಯಾಯಿತು. ನಿಜ ಹೇಳಬೇಕಲ್ಲ.

ಭಾನುವಾರ ಅಪ್ಪ ನೋಡಿದರು. ಅಣ್ಣನಿಗೆ ಬೈದರು. ಆಮೇಲೆ “ಪೈಪ್ ಬದಲಾಯಿಸಿದ್ಯಲ್ಲ, ಜೆಟ್ ಬದಲಾಯಿಸಿದ್ಯೇನ್ಲಾ?” ಎಂದು ಕೇಳಿದರು. ಅಣ್ಣ ಮುಖ ಮುಖ ನೋಡಿದ.

ಜೆಟ್ ಎಂದರೆ ಕಾರ್ಬುರೇಟರ್ ಒಳಗಿರುವ ಹಿತ್ತಾಳೆಯ ಪುಟ್ಟ ತಿರುಪು. ಕಡಲೆಬೀಜದಷ್ಟೂ ಇಲ್ಲ. ನಡುವೆ ಒಂದು ಸಣ್ಣ ತೂತು. ಆ ತೂತಿನಿಂದ ಎಷ್ಟು ಪೆಟ್ರೋಲ್ ಬರುತ್ತದೋ ಅಷ್ಟೇ ಇಂಜಿನ್ನಿಗೆ. ತೂತು ಎಷ್ಟು ದೊಡ್ಡದು ಎಂದು ತಿಳಿಯಲು ಮೇಲೆ ಅಂಕಿ ಕೆತ್ತಿರುತ್ತಾರೆ. ಅಂಕಿ ದೊಡ್ಡದಾದರೆ ಪೆಟ್ರೋಲ್ ಹೆಚ್ಚು. ಒಂದು ತೂಕ ಪೆಟ್ರೋಲ್ ಸರಿಯಾಗಿ ಉರಿಯಬೇಕಾದರೆ ಸುಮಾರು 15 ತೂಕ ಗಾಳಿ ಬೇಕಂತೆ.

ಅಪ್ಪ ನನಗೆ ಮಜ್ಜಿಗೆ ಲೆಕ್ಕದಲ್ಲಿ ಹೇಳಿಕೊಟ್ಟರು. ಪೆಟ್ರೋಲ್ ಮೊಸರು, ಗಾಳಿ ನೀರು. ಪೈಪು ಖುಲ್ಲಾ ಆದರೆ ಹೊಗೆ ಸಲೀಸಾಗಿ ಹೊರಗೆ ಹೋಗುತ್ತದೆ, ಹಾಗಾಗಿ ಇಂಜಿನ್ ಗಾಳಿಯನ್ನು ಜಾಸ್ತಿ ಎಳೆದುಕೊಳ್ಳುತ್ತದೆ. ಆದರೆ ಜೆಟ್ ಹಳೆಯದೇ. ಮೊಸರು ಅಷ್ಟೇ, ನೀರು ಹೆಚ್ಚು. ಮಜ್ಜಿಗೆ ತೆಳ್ಳಗಾಯಿತು. ತೆಳ್ಳಗಿನ ಮಜ್ಜಿಗೆ ಹೊಟ್ಟೆಗೆ ತಂಪು, ಇಂಜಿನ್ನಿಗೆ ಮಾತ್ರ ಬೆಂಕಿ! ವಿಪರೀತ ಕಾಯುತ್ತದೆ. ಇನ್ನೊಂದು ಅಪಾಯ ಏನೆಂದರೆ ಟೂ ಸ್ಟ್ರೋಕಿನಲ್ಲಿ ಎಣ್ಣೆ ಬರುವುದೂ ಪೆಟ್ರೋಲಿನ ಜೊತೆಗೇ. ಪೆಟ್ರೋಲ್ ಸಾಲದಿದ್ದರೆ ಎಣ್ಣೆಯೂ ಸಾಲದು. ಪಿಸ್ಟನ್ ಕಾದು ಉಬ್ಬಿ ಬೋರಿಗೆ ಕಚ್ಚಿಕೊಂಡುಬಿಡುತ್ತದೆ. ಅದಕ್ಕೆ ಸೀಜ್ ಆಯಿತು ಎನ್ನುತ್ತಾರೆ.

ಇದನ್ನು ಮೊದಲೇ ತಿಳಿಯುವುದು ಹೇಗೆ? ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು. ಕಾಫಿ ಬಣ್ಣ ಇದ್ದರೆ ಸರಿ. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು. ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ.

“ಜೆಟ್ ಮುಂದಿನ ವಾರ ತರ್ತೀನಿ. ಅಲ್ಲೀತಂಕ ಊರೊಳಗೆ ನಿಧಾನಕ್ಕೆ ಓಡಿಸು” ಎಂದು ಅಣ್ಣನಿಗೆ ಹೇಳಿ, ಅಪ್ಪ ನನ್ನ ಕಡೆ ತಿರುಗಿದರು. “ಅವ್ವಾ, ಬುಧವಾರ ನೀನು ಪ್ಲಗ್ ಬಿಚ್ಚಿ ನೋಡು. ಬಣ್ಣ ಏನೈತೆ ಅಂತ ನಂಗೆ ಹೇಳು” ಎಂದರು. ನನ್ನನ್ನು ನಂಬಿ ಹೇಳಿದರು.

ಬುಧವಾರ ಶಾಲೆ ಬಿಟ್ಟ ಮೇಲೆ ಪ್ಲಗ್ ಬಿಚ್ಚಿದೆ. ಬೆಳ್ಳಗೆ ಸುಣ್ಣದ ಹಾಗಿತ್ತು. ಊರೊಳಗೆ ನಿಧಾನಕ್ಕೆ ಓಡಿಸಿದರೆ ಹಾಗಾಗುವುದಿಲ್ಲ. ಅಣ್ಣ ಬಿ.ಜಿ.ಕೆರೆ ತನಕ ಹೈವೇಯಲ್ಲಿ ಪೂರ್ತಿ ಎಕ್ಸಲೇಟರ್ ಕೊಟ್ಟು ಹೋಗಿ ಬಂದಿದ್ದ. “ಅಪ್ಪಂಗೆ ಹೇಳ್ಬೇಡ ಕಣೇ. ಹೇಳಿದ್ರೆ ಗಾಡಿ ಬೀಗ ಕಿತ್ಕೊಂತಾರೆ. ನಾಯಕನಹಟ್ಟಿ ತೇರಿಗೆ ನಿನ್ನ ಇದೇ ಗಾಡೀಲಿ ಕರ್ಕೊಂಡು ಹೋಗ್ತೀನಿ” ಎಂದ. ಎಲ್ಲರೂ ತಿರುಗಿ ನೋಡುವ ಗಾಡಿಯಲ್ಲಿ ತೇರಿಗೆ ಹೋಗುವುದು ನನಗೂ ಆಸೆಯಾಯಿತು.

ರಾತ್ರಿ ಅಪ್ಪ ಫೋನ್ ಮಾಡಿದರು. “ಬಣ್ಣ ಏನೈತವ್ವಾ?”

“ಕಾಫಿ ಬಣ್ಣ ಐತಪ್ಪ” ಎಂದೆ.

“ಹೌದಾ? ಹಂಗಾದ್ರೆ ಪರವಾಗಿಲ್ಲ. ಶುಕ್ರವಾರ ತಾತನ್ನ ಕಣ್ಣಾಸ್ಪತ್ರೆಗೆ ಚಳ್ಳಕೆರೆಗೆ ಗಾಡೀಲೇ ಕರ್ಕೊಂಡು ಬರೋಕೆ ಹೇಳು, ಬಸ್ಸಿಗೆ ಕಾಯೋದು ಬೇಡ” ಎಂದರು.

ಆಗಲಾದರೂ ನಾನು ಹೇಳಬಹುದಿತ್ತು. ಬಾಯಿ ಬರಲಿಲ್ಲ.

ಶುಕ್ರವಾರ ಬಿಸಿಲು ಬಹಳ ಇತ್ತು. ತಳಕು ಹತ್ತಿರ ಗಾಡಿ ಓಡುತ್ತಿದ್ದ ಹಾಗೇ ಪಿಸ್ಟನ್ ಕಚ್ಚಿಕೊಂಡಿತು. ಇಂಜಿನ್ ನಿಂತರೆ ಹಿಂದಿನ ಚಕ್ರವೂ ತಿರುಗುವುದಿಲ್ಲ. ಚಕ್ರ ಜರ್ರನೆ ಜಾರಿ ಇಬ್ಬರೂ ರಸ್ತೆ ಪಕ್ಕ ಬಿದ್ದರು. ಆ ಕ್ಷಣ ಕ್ಲಚ್ ಹಿಡಿದಿದ್ದರೆ ಚಕ್ರ ಬಿಟ್ಟುಕೊಳ್ಳುತ್ತಿತ್ತು ಎಂದು ಅಪ್ಪ ಆಮೇಲೆ ಹೇಳಿದರು. ಅಣ್ಣನಿಗೆ ಅದು ಗೊತ್ತಿರಲಿಲ್ಲ. ಅವನಿಗೆ ಮೊಣಕಾಲು ತರಚಿತು. ತಾತ ಬಲಗೈ ಊರಿಕೊಂಡು ಬಿದ್ದಿದ್ದರಿಂದ ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಸಿಮೆಂಟ್ ಪಟ್ಟಿ ಹಾಕಿದರು.

ತಾತ ಲಾಳಿ ಎಳೆಯುವುದು ಬಲಗೈಯಲ್ಲೇ. ಮಗ್ಗದ ಮೇಲೆ ಅರ್ಧ ಸೀರೆ ಇತ್ತು. ನೇರಳೆ ಒಡಲು, ಹಸಿರು ಅಂಚು. ಅದು ಅರ್ಧಕ್ಕೇ ನಿಂತಿತು. ನಾನು ಹುಟ್ಟಿದಾಗಿನಿಂದ ನಮ್ಮನೆಯಲ್ಲಿ ಬೆಳಿಗ್ಗೆ ಮಗ್ಗದ ಲಟಕ್ ಪಟಕ್ ಕೇಳಿಯೇ ಏಳುತ್ತಿದ್ದೆ. ಆವತ್ತಿನಿಂದ ಅದಿಲ್ಲ. ಮನೆ ಬಿಕೋ ಅನ್ನುತ್ತಿತ್ತು. ತಿಂಗಳ ಸೀಟಿನ ದುಡ್ಡು ಕಟ್ಟೋಕೆ ಅಮ್ಮ ಸಾಲ ಕೇಳಿದ್ದು ನನಗೆ ಕೇಳಿಸಿತು.

ಭಾನುವಾರ ಅಪ್ಪ ಬೇವಿನ ಮರದ ಕೆಳಗೆ ಇಂಜಿನ್ ಬಿಚ್ಚಿದರು. ಮೊದಲು ಪ್ಲಗ್ ತೆಗೆದರು. ಬೆಳ್ಳಗಿತ್ತು. ಅದರ ಮೇಲೆ ಸಣ್ಣ ಸಣ್ಣ ಬೆಳ್ಳಿ ಚುಕ್ಕಿಗಳಿದ್ದವು. ಅದು ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಸಿಡಿದದ್ದು. ಅಪ್ಪ ಪ್ಲಗ್ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಏನೂ ಕೇಳಲಿಲ್ಲ. ನಾನೇ ಅಳುತ್ತಾ ಎಲ್ಲವನ್ನೂ ಹೇಳಿದೆ.

ಹೊಡೆಯುತ್ತಾರೆ ಅಂದುಕೊಂಡಿದ್ದೆ. ಹೊಡೆಯಲಿಲ್ಲ. “ಪ್ಲಗ್ ಸುಳ್ಳು ಹೇಳಲ್ಲ ಕಣವ್ವಾ. ಅದಕ್ಕೇ ಅದನ್ನ ನೋಡು ಅಂದಿದ್ದು. ತಾತನ ಹತ್ರ ಹೋಗಿ ನೀನೇ ಹೇಳು” ಎಂದರು. ಹೋಗಿ ಹೇಳಿದೆ. ತಾತ ಎಡಗೈಯಿಂದ ನನ್ನ ತಲೆ ಸವರಿ, “ನನ್ನ ಕಣ್ಣು ಮಂಜು. ನಿನ್ನ ಕಣ್ಣು ಚುರುಕೈತೆ ಅಂತ ನಂಬ್ಕೊಂಡಿದ್ವಿ” ಎಂದರು. ಹೊಡೆದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಚಳ್ಳಕೆರೆಯಲ್ಲಿ ಬೋರ್ ಮಾಡಿಸಿ ಒಂದು ಸೈಜು ದೊಡ್ಡ ಪಿಸ್ಟನ್ ಹಾಕಿಸಿದರು. ನಂತರ ಮೂರು ಹೊಸ ಜೆಟ್ ತಂದರು. ಹಳೆಯದರ ಅಂಕಿಗಿಂತ 5 ಹೆಚ್ಚಿನದು ಒಂದು, 10 ಹೆಚ್ಚಿನದು ಒಂದು, 15 ಹೆಚ್ಚಿನದು ಒಂದು. “ಈ ಸಲ ನೀನೇ ಹಾಕು” ಎಂದು ನನ್ನ ಕೈಗೆ ಕೊಟ್ಟರು.

ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬುರೇಟರ್ ಇಳಿಸಿ, ಕೆಳಗಿನ ಬಟ್ಟಲು ಬಿಚ್ಚಿದೆ. ಒಳಗೆ ಎರಡು ಜೆಟ್ ಇರುತ್ತವೆ. ಚಿಕ್ಕದು ಪೈಲಟ್ ಜೆಟ್, ಗಾಡಿ ನಿಂತಲ್ಲೇ ಆನ್ ಇರುವಾಗ ಅದರಿಂದ ಪೆಟ್ರೋಲ್ ಬರುತ್ತದೆ. ನಡುವಿನ ವೇಗಕ್ಕೆ ಒಂದು ಉದ್ದನೆ ಸೂಜಿ ಇದೆ. ಪೂರ್ತಿ ಎಕ್ಸಲೇಟರ್ ಕೊಟ್ಟಾಗ ಮೇನ್ ಜೆಟ್. ನಾವು ಬದಲಾಯಿಸಿದ್ದು ಮೇನ್ ಜೆಟ್. ಹಿತ್ತಾಳೆ ಮೆತ್ತಗಿರುತ್ತದೆ, ಅದಕ್ಕೆ ತಲೆಗೆ ಸರಿಯಾಗಿ ಕೂರುವ ಸ್ಕ್ರೂ ಡ್ರೈವರನ್ನೇ ಹಾಕಬೇಕು, ಬಹಳ ಬಿಗಿಯಬಾರದು. ಜೆಟ್ಟಿನಲ್ಲಿ ಕಸ ಇದ್ದರೆ ಊದಿ ತೆಗೆಯಬೇಕು. ಪಿನ್ನು, ಸೂಜಿ ಚುಚ್ಚಬಾರದು. ತೂತು ದೊಡ್ಡದಾಗಿ ಅಂಕಿಯೇ ಸುಳ್ಳಾಗುತ್ತದೆ.

ಹೊಸ ಪಿಸ್ಟನ್ನನ್ನು ಮೊದಲು ಕೆಲವು ವಾರ ನಿಧಾನಕ್ಕೆ ಓಡಿಸಿ ಪಳಗಿಸಿದರು. ಆಮೇಲೆ ಒಂದು ಭಾನುವಾರ ಪರೀಕ್ಷೆ. ಖಾಲಿ ರಸ್ತೆಯಲ್ಲಿ ಅಪ್ಪ ಹೊಸ ಪ್ಲಗ್ ಹಾಕಿ ಒಂದು ಕಿಲೋಮೀಟರ್ ಪೂರ್ತಿ ಎಕ್ಸಲೇಟರ್ ಕೊಟ್ಟು, ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ ನಿಲ್ಲಿಸಿದರು. ನಾನು ಓಡಿ ಹೋಗಿ ಬಟ್ಟೆ ಸುತ್ತಿಕೊಂಡು ಪ್ಲಗ್ ಬಿಚ್ಚಿದೆ. 5 ಹೆಚ್ಚಿನದಕ್ಕೆ ಇನ್ನೂ ಬೆಳ್ಳಗೆ. 10 ಹೆಚ್ಚಿನದಕ್ಕೆ ಕಾಫಿ ಬಣ್ಣ. 15ರದು ಬೇಕಾಗಲಿಲ್ಲ. ಸೂಜಿಯ ಕ್ಲಿಪ್ಪನ್ನೂ ಒಂದು ಗೀರು ಕೆಳಗೆ ಹಾಕಿದೆವು. ಆಗ ಸೂಜಿ ಮೇಲೇಳುತ್ತದೆ, ನಡುವಿನ ವೇಗಕ್ಕೂ ಪೆಟ್ರೋಲ್ ಸಾಕಾಗುತ್ತದೆ.

ಗಾಡಿ ಸರಿಯಾಯಿತು. ಆದರೆ ಲೀಟರಿಗೆ 28 ಕಿಲೋಮೀಟರ್ ಕೊಡುತ್ತಿದ್ದುದು 22ಕ್ಕೆ ಇಳಿಯಿತು. ಶಬ್ದ ಮಾತ್ರ ಹಾಗೇ ಇತ್ತು. ಟೂ ಸ್ಟ್ರೋಕಿನಲ್ಲಿ ಕಂಪನಿ ಸೈಲೆನ್ಸರ್ ಹೊಗೆಯ ಒತ್ತಡವನ್ನು ಸ್ವಲ್ಪ ಹಿಂದಕ್ಕೆ ತಳ್ಳಿ, ಉರಿಯದ ಪೆಟ್ರೋಲ್ ಹೊರಗೆ ಓಡದಂತೆ ತಡೆಯುತ್ತದಂತೆ. ಖುಲ್ಲಾ ಪೈಪಿನಲ್ಲಿ ಅದು ಸುಮ್ಮನೆ ಹೊರಗೆ ಹೋಗುತ್ತದೆ. ಅಂದರೆ ನಾವು ದುಡ್ಡು ಕೊಟ್ಟು ಶಬ್ದ ಕೊಂಡುಕೊಂಡಿದ್ದೆವು, ಎಳೆತವನ್ನಲ್ಲ.

ಒಂದು ದಿನ ಅಣ್ಣ ಗಾಡಿ ತಂದು ನಿಲ್ಲಿಸಿದಾಗ ತಾತ ಮಗ್ಗದಲ್ಲಿ ಕೂತು ಎಡಗೈಯಿಂದ ಲಾಳಿ ಎಳೆಯಲು ನೋಡುತ್ತಿದ್ದರು. ದಾರ ಕಡಿಯಿತು. ಅಣ್ಣ ಬಾಗಿಲಲ್ಲೇ ನಿಂತು ನೋಡಿದ. ಆವತ್ತು ಸಂಜೆ ಅವನೇ ಆ ಎರಡು ಪೈಪು ಬಿಚ್ಚಿದ. ಅಪ್ಪ ಹಳೇ ಸೈಲೆನ್ಸರ್‌ಗಳ ಒಳಗಿನ ಮಸಿ ತೆಗೆದು, ತೂತಿಗೆ ತಗಡು ಬೆಸೆಸಿ ತಂದರು. “ಇದು ಹಾಕಿದ್ಮೇಲೆ ಜೆಟ್ಟು?” ಎಂದು ನನ್ನನ್ನು ಕೇಳಿದರು. “ಹಳೇದೇ ಹಾಕ್ಬೇಕು. ಇಲ್ದಿದ್ರೆ ಪ್ಲಗ್ ಮಸಿ ಹಿಡಿಯುತ್ತೆ” ಎಂದೆ. ಆ ಜೆಟ್ ನಾನೊಬ್ಬಳೇ ಹಾಕಿದೆ.

ಗಾಡಿಯ ಸೈಲೆನ್ಸರನ್ನು ಹೀಗೆ ಮನಸ್ಸಿಗೆ ಬಂದಂತೆ ಬದಲಾಯಿಸುವುದು 1988ರ ಮೋಟಾರು ವಾಹನ ಕಾಯ್ದೆ ಪ್ರಕಾರವೂ ತಪ್ಪು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿ ಶಾಲೆ, ಆಸ್ಪತ್ರೆಗಳ ಸುತ್ತ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಎಂದು ಘೋಷಿಸಬಹುದು ಎಂದಿದೆ ಎಂದು ವಿಜ್ಞಾನದ ಮೇಷ್ಟ್ರು ಹೇಳಿದರು. ನಮ್ಮ ಶಾಲೆಯ ಗೋಡೆಯಿಂದ ರಸ್ತೆಗೆ ನಾನು ಹೆಜ್ಜೆ ಹಾಕಿ ನೋಡಿದೆ. ಇಪ್ಪತ್ತೇ ಹೆಜ್ಜೆ. ಗಣಿತದ ಮೇಡಂ, ಆ ದಿನಗಳ ಪಾಠಕ್ಕೆ ನಮ್ಮಣ್ಣನ ಪರವಾಗಿಯೂ ನನ್ನ ಪರವಾಗಿಯೂ ಕ್ಷಮೆ ಕೇಳುತ್ತೇನೆ.

ತಾತನ ಕೈ ಕೂಡಿಕೊಂಡಿದೆ. ಚಳಿಯಲ್ಲಿ ಮಾತ್ರ ನೋಯುತ್ತದೆ. ನೇರಳೆ ಸೀರೆ ಮುಗಿದು ಹೋಯಿತು. ಈ ಸಲ ತೇರಿಗೆ ನಾವು ಯಾರೂ ಹೋಗಲಿಲ್ಲ.

ದೊಡ್ಡ ಜೆಟ್ ನನ್ನ ಕಂಪಾಸ್ ಬಾಕ್ಸಿನಲ್ಲಿದೆ. ನೋಡಬೇಕು ಅನ್ನುವವರು ಊಟದ ಬೆಲ್ ಹೊಡೆದ ಮೇಲೆ ಬನ್ನಿ, ತೋರಿಸುತ್ತೇನೆ. ಈಗಲೂ ಅಪ್ಪ ಬುಧವಾರ ರಾತ್ರಿ ಫೋನ್ ಮಾಡಿ “ಬಣ್ಣ ಏನೈತವ್ವಾ?” ಎಂದು ನನ್ನನ್ನೇ ಕೇಳುತ್ತಾರೆ. ನಾನು ಬಿಚ್ಚಿ ನೋಡಿ, ಏನಿದೆಯೋ ಅದನ್ನೇ ಹೇಳುತ್ತೇನೆ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ