ಕಾಲಮ್ಮಿನ ರಿಂಗು

ನಾವು ಕೆಲಸ ಕಲಿತ ಕಾಲದಲ್ಲಿ ಕಾಲಮ್ಮಿನ ಡಿಸೈನ್ ಎಂದರೆ ಎಸ್‌ಪಿ 16. ಸಾಂಗ್ಲಿಯ ವಿಶ್ರಾಮಬಾಗದ ವಾಲ್‌ಚಂದ್ ಕಾಲೇಜಿನಿಂದ ಹೊರಬಿದ್ದ ಸಿವಿಲ್ ಹುಡುಗರ ಬಗಲಲ್ಲಿ 1980ರ ಆ ಚಾರ್ಟಿನ ಪುಸ್ತಕ ಇದ್ದೇ ಇರುತ್ತಿತ್ತು. ಮೇಲಿನ ಭಾರ ಎಷ್ಟು, ಬಾಗಿಸುವ ಮೊಮೆಂಟ್ ಎಷ್ಟು ಎಂದು ಎರಡು ಅಂಕಿ ಹಿಡಿದು ಸ್ಕೇಲ್ ಇಟ್ಟರೆ, ಕಂಬಿ ಎಷ್ಟು ಬೇಕೆಂಬುದು ಸಿಗುತ್ತಿತ್ತು. ಕಾಲಮ್ಮಿನ ಚಾರ್ಟಿನಲ್ಲಿ ಶಿಯರ್, ಅಂದರೆ ಅಡ್ಡಕ್ಕೆ ಕತ್ತರಿಸುವ ಬಲ, ಎಂಬುದೇ ಇರಲಿಲ್ಲ. ಬೀಮಿಗೆ ಶಿಯರ್ ಲೆಕ್ಕ ಹಾಕುತ್ತಿದ್ದೆವು. ಕಾಲಮ್ಮಿಗೆ ಯಾರೂ ಕೇಳುತ್ತಿರಲಿಲ್ಲ.

ರಿಂಗು ಇರುವುದು ಕಂಬಿ ಹೊರಗೆ ಬಾಗದ ಹಾಗೆ ಹಿಡಿಯುವುದಕ್ಕೆ ಎಂದಷ್ಟೇ ನಂಬಿಕೆ. ಕಾಂಕ್ರೀಟಿನ ಮಾನಕವಾದ ಐಎಸ್ 456ರ ನಿಯಮವೂ ಹಾಗೇ: ಕಾಲಮ್ಮಿನ ಸಣ್ಣ ಬದಿ, ಕಂಬಿಯ ದಪ್ಪದ 16 ಪಟ್ಟು, 300 ಮಿಲಿಮೀಟರ್, ಇವುಗಳಲ್ಲಿ ಯಾವುದು ಕಡಿಮೆಯೋ ಅದು. ಒಂಬತ್ತಿಂಚಿನ ಗೋಡೆಗೆ ಹೊಂದುವ 230 ಮಿಮೀ ಕಾಲಮ್ಮಿಗೆ 6 ಮಿಮೀ ರಿಂಗು, 200ಕ್ಕೊಂದು. ಕಂಬಿ ಕಟ್ಟುವವರಲ್ಲಿ ಜತ್ತ, ವಿಜಾಪುರ ಕಡೆಯ ಕನ್ನಡದವರಿದ್ದರು. ಇನ್ನಷ್ಟು ಹತ್ತಿರ ಹಾಕಿ ಎಂದರೆ, “ಸಾಹೇಬ್ರ, ಇಷ್ಟ ದಟ್ಟ ಕಟ್ಟಿದ್ರ ಕಾಂಕ್ರೀಟ್ ಒಳಗ ಹೆಂಗ ಇಳೀತೈತ್ರಿ?” ಎನ್ನುತ್ತಿದ್ದರು. ಕೇಳುವುದು ನ್ಯಾಯವೇ. ಸಣ್ಣ ಸೈಟಿಗೆ ವೈಬ್ರೇಟರ್ ಎಲ್ಲಿಂದ ಬರಬೇಕು?

ಭೂಕಂಪ ಗೊತ್ತಿರಲಿಲ್ಲವೆಂದಲ್ಲ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಕೊಯ್ನಾ ನಡುಗಿದ್ದನ್ನು ನಮ್ಮ ಸಾಂಗ್ಲಿವಾಡಿಯ ಹಿರಿಯರು ಹೇಳುತ್ತಿದ್ದರು. ಕೊಯ್ನಾನಗರ ಇಲ್ಲಿಂದ ನೂರು ಕಿಲೋಮೀಟರಿನ ಆಚೀಚೆ. ಅಲ್ಲಿ ಸತ್ತವರು 170ಕ್ಕೂ ಹೆಚ್ಚು. ಬಿದ್ದವು ಬಹುಪಾಲು ಕಲ್ಲುಮಣ್ಣಿನ ಮನೆಗಳು. 1993ರ ಕಿಲ್ಲಾರಿ ಭೂಕಂಪದಲ್ಲೂ ಅದೇ. ಹೀಗಾಗಿ ಕಾಂಕ್ರೀಟಿನ ಪಿಲ್ಲರ್ ಇದ್ದರೆ ಸಾಕು ಎಂಬ ಪಾಠವೇ ನಮ್ಮ ಕಡೆ ಬೇರೂರಿತು. ಕೊಯ್ನಾ ಆದ ಐದು ತಿಂಗಳಿಗೆ, 1968ರ ಮೇನಲ್ಲಿ, ಜಪಾನಿನ ತೊಕಾಚಿ-ಒಕಿ ಭೂಕಂಪ ಕಾಂಕ್ರೀಟ್ ಶಾಲೆಗಳ ಗಿಡ್ಡ ಕಾಲಮ್ಮುಗಳನ್ನು ಓರೆಯಾಗಿ ಸೀಳಿತ್ತು. 1971ರಲ್ಲೇ ಜಪಾನಿನವರು ರಿಂಗಿನ ಅಂತರ ಬಿಗಿ ಮಾಡಿದರು. ರಿಂಗನ್ನು ಹೀಗೆ ಬಿಗಿ ಮಾಡುವ ಐಎಸ್ 13920 ನಮಗೆ ಬಂದದ್ದು 1993ಕ್ಕೆ. ಅದು ಸೈಟಿನವರೆಗೆ ಇಳಿಯಲು 2001ರ ಜನವರಿ 26ರ ಭುಜ್ ಭೂಕಂಪ ಬೇಕಾಯಿತು. ಕೇಂದ್ರದಿಂದ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ, ಕೆಳಗೆ ಪಾರ್ಕಿಂಗಿಗೆಂದು ಖಾಲಿ ಬಿಟ್ಟ ಅಪಾರ್ಟ್‌ಮೆಂಟುಗಳು ಕುಸಿದಾಗ ಕಾಂಕ್ರೀಟಿನ ಮೇಲಿನ ಭಕ್ತಿ ಇಳಿಯಿತು.

ರಿಂಗು ಹತ್ತಿರ ಯಾಕೆ ಬೇಕೆಂಬ ಲೆಕ್ಕ ಕಷ್ಟದ್ದಲ್ಲ. ನೆಲ ಅಲುಗಿದಾಗ ಕಾಲಮ್ಮಿನ ಎರಡೂ ತುದಿಯಲ್ಲಿ 100 ಕಿಲೋನ್ಯೂಟನ್-ಮೀಟರ್ ಮೊಮೆಂಟ್ ಬಂದು ಕಂಬಿ ಮಣಿಯಿತು ಎನ್ನೋಣ. ಎತ್ತರ 3 ಮೀಟರ್ ಇದ್ದರೆ ಶಿಯರ್ 200 ಭಾಗಿಸು 3, ಅಂದರೆ 67 ಕಿಲೋನ್ಯೂಟನ್. ಅದೇ ಕಾಲಮ್ಮಿನ ಎರಡೂ ಪಕ್ಕ ಅರ್ಧಗೋಡೆ ಏರಿಸಿ 1 ಮೀಟರ್ ಮಾತ್ರ ಬಿಟ್ಟರೆ 200. ನಮ್ಮ 230ಕ್ಕೆ 450ರ ಕಾಲಮ್ಮು, 200ಕ್ಕೊಂದು 6 ಮಿಮೀ ರಿಂಗಿನ ಜೊತೆ ತಡೆಯುವುದು 80ರ ಆಸುಪಾಸು. 8 ಮಿಮೀ ಟಾರ್ ರಿಂಗನ್ನು 100ಕ್ಕೊಂದು ಕಟ್ಟಿದರೆ ಅದೇ ಕಾಲಮ್ಮು 200ರ ಹತ್ತಿರ ಬರುತ್ತದೆ. ಬಾಗಿ ಸೋಲುವ ಕಾಲಮ್ಮು ಬಿರುಕು ಬಿಟ್ಟು, ಹೊಟ್ಟೆ ಒಡೆದು, ಹೊರಗೆ ಓಡಲು ವೇಳೆ ಕೊಡುತ್ತದೆ. ಶಿಯರಿನಲ್ಲಿ ಸೋತದ್ದು ಓರೆಯಾಗಿ ಸೀಳಿ, ಮೇಲಿನ ಭಾರವನ್ನೂ ಕೈಬಿಡುತ್ತದೆ.

ಈಗಿನ ಹುಡುಗರ ಬಳಿ ಚಾರ್ಟಿಲ್ಲ, ಲ್ಯಾಪ್‌ಟಾಪ್ ಇದೆ. ಕಟ್ಟಡವನ್ನು ಪರದೆಯ ಮೇಲೆ ಪಕ್ಕಕ್ಕೆ ನೂಕುತ್ತ ಹೋಗಿ ಎಲ್ಲಿ ಮೊದಲು ಮಣಿಯುತ್ತದೆ ಎಂದು ನೋಡುವ ಪುಶ್‌ಓವರ್ ಲೆಕ್ಕವನ್ನು ಮಧ್ಯಾಹ್ನದ ಚಹಾದೊಳಗೆ ಮುಗಿಸುತ್ತಾರೆ. ನನ್ನ ತಕರಾರು ಒಂದೇ. ಕಾಲಮ್ಮಿನ ತುದಿಗೆ ಅವರು ಹಾಕುವುದು ಭಾರ ಮತ್ತು ಮೊಮೆಂಟಿನ ಸಿದ್ಧ ಹಿಂಜ್, ಅಂದರೆ ಮಣಿಯುವ ಕೀಲು. ಶಿಯರ್ ಹಿಂಜನ್ನು ಬೇರೆಯಾಗಿ, ಕೇಳಿ ಹಾಕಬೇಕು. ಹಾಕದಿದ್ದರೆ ಪರದೆಯ ಕಾಲಮ್ಮು ಎಷ್ಟು ನೂಕಿದರೂ ಶಿಯರಿನಲ್ಲಿ ಮುರಿಯುವುದೇ ಇಲ್ಲ. ಕಾಂಕ್ರೀಟು, ಕಂಬಿಯನ್ನು ಎಳೆ ಎಳೆಯಾಗಿ ಬಿಡಿಸುವ ಫೈಬರ್ ಮಾದರಿಯೂ ಶಿಯರ್ ವಿಷಯದಲ್ಲಿ ತಾನಾಗಿ ಏನೂ ಹೇಳದು. ಅಂದರೆ ಎಸ್‌ಪಿ 16ರ ಕಾಲದ ಕೊರತೆ ಪರದೆಯ ಬಣ್ಣಬಣ್ಣದ ಹಿಂಜ್ ಚುಕ್ಕೆಗಳ ಹಿಂದೆ ಹಾಗೇ ಕೂತಿದೆ.

ದಾರಿ ಇಲ್ಲವೆಂದಲ್ಲ. ಅಮೆರಿಕದ ಬರ್ಕ್ಲಿಯಲ್ಲಿ ಸಂಶೋಧಕ ಕೆನೆತ್ ಎಲ್‌ವುಡ್ 2000ದ ದಶಕದ ಆರಂಭದಲ್ಲಿ, ಕಾಲಮ್ಮು ಎಷ್ಟು ವಾಲಿದಾಗ ಶಿಯರಿನಲ್ಲಿ ಸೋಲುತ್ತದೆ, ಆಮೇಲೆ ಇನ್ನೆಷ್ಟು ವಾಲಿದರೆ ಭಾರ ಬಿಡುತ್ತದೆ ಎಂಬ ಎರಡೂ ಗಡಿಗಳನ್ನು ಮಾದರಿಯೊಳಗೆ ತಂದರು. ಓಪನ್‌ಸೀಸ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಅದು ಸಿಗುತ್ತದೆ. ಆ ಗಡಿಗಳನ್ನು ಹಾಕಲು ಮೊದಲು ಬೇಕಾದದ್ದು ರಿಂಗಿನ ದಪ್ಪ ಮತ್ತು ಅಂತರ. ಹಳೆಯ ಕಟ್ಟಡದಲ್ಲಿ ಅದನ್ನು ಖಾತ್ರಿಯಾಗಿ ತಿಳಿಯಲು ಪ್ಲಾಸ್ಟರ್ ಕೆತ್ತಿ ನೋಡುವುದೇ ಒಳ್ಳೆಯದು. ಡ್ರಾಯಿಂಗಿನಲ್ಲಿ 100 ಎಂದು ಬರೆದದ್ದು ಒಳಗೆ 250 ಇದ್ದೀತು.

ಸಾಂಗ್ಲಿವಾಡಿಗೆ ಇದು ದೂರದ ಮಾತಲ್ಲ. 2005, 2019, 2021ರ ಮಹಾಪೂರಗಳ ನಂತರ ನೆಲಮಹಡಿ ಖಾಲಿ ಬಿಟ್ಟು ಮೇಲೆ ವಾಸಿಸುವ ಬುದ್ಧಿ ಬಂದಿದೆ, ಕೃಷ್ಣೆಯ ದೃಷ್ಟಿಯಿಂದ ಸರಿಯೇ. ಆಮೇಲೆ ಅದೇ ಕಾಲಮ್ಮುಗಳ ನಡುವೆ ಗೊಬ್ಬರದ ಚೀಲ, ಬೈಕು ಇಡಲು ಅರ್ಧಗೋಡೆ ಏರುತ್ತದೆ. ನೀರಿನಲ್ಲಿ ನೆನೆದ ಕಾಲಮ್ಮಿನಲ್ಲಿ ಮೊದಲು ತುಕ್ಕು ಹಿಡಿಯುವುದೂ ಹೊರಮೈಗೆ ಹತ್ತಿರದ ತೆಳು ರಿಂಗಿಗೇ.

2016ರ ಐಎಸ್ 1893ರ ಭೂಕಂಪ ನಕ್ಷೆಯಲ್ಲಿ ಸಾಂಗ್ಲಿ 3ನೇ ವಲಯ. ಮನೆ ಕಟ್ಟಿಸುವವರು ಕಾಂಕ್ರೀಟಿನ ಹಿಂದಿನ ದಿನ ಟೇಪು ಹಿಡಿದು ನಿಲ್ಲಿರಿ. ಕಾಲಮ್ಮಿನ ಮೇಲಿನ, ಕೆಳಗಿನ ತುದಿಗಳಲ್ಲಿ ರಿಂಗು 100 ಮಿಮೀ ದಾಟಬಾರದು, ಕೊಕ್ಕೆ 135 ಡಿಗ್ರಿಗೆ ಒಳಕ್ಕೆ ಬಾಗಿರಬೇಕು. ಮುಂದೆಂದಾದರೂ ಅರ್ಧಗೋಡೆ ಬರುವುದಿದ್ದರೆ ಅದನ್ನು ಇಂಜಿನಿಯರರಿಗೆ ಈಗಲೇ ಹೇಳಿರಿ.