ಸಂಜೆಯ ಪಾಠ

ಊರಿನ ಮಿಕ್ಕ ಜನರ ದುಡಿಮೆ ಮುಗಿಯುವ ಹೊತ್ತಿಗೆ ನನ್ನ ದುಡಿಮೆ ಕಳೆಗಟ್ಟುತ್ತದೆ. ಜಪಾನಿನ ಕ್ಯೂಶು ದ್ವೀಪದ ನಡುಭಾಗದಲ್ಲಿರುವ ಕುಮಾಮೊಟೊ ನಗರದಲ್ಲಿ, ಮೇಲ್ಛಾವಣಿ ಹೊದಿಸಿದ ಶಿಮೊತೋರಿ ಎಂಬ ಅಂಗಡಿಬೀದಿಗೆ ಅನತಿದೂರದಲ್ಲಿ, ಒಂದು ಖಾಸಗಿ ಭಾಷಾಶಾಲೆಯಿದೆ. ಅಲ್ಲಿ ಇಂಗ್ಲಿಷ್ ಹೇಳಿಕೊಡುವುದು ನನ್ನ ಉದ್ಯೋಗ. ಇಂಥ ಸಂಭಾಷಣಾಶಾಲೆಗಳನ್ನು ಜಪಾನೀಯರು ‘ಎಯ್ಕೈವಾ’ ಎಂದು ಕರೆಯುತ್ತಾರೆ. ಮಧ್ಯಾಹ್ನ ಗೃಹಿಣಿಯರೂ ನಿವೃತ್ತರೂ ಬರುತ್ತಾರೆ. ನಾಲ್ಕರ ಮೇಲೆ ಬೆನ್ನಿಗೆ ಚೀಲ ಹೊತ್ತ ಮಕ್ಕಳು. ದೀಪ ಹಚ್ಚಿದ ಮೇಲೆ, ಕಚೇರಿಯಿಂದ ನೇರವಾಗಿ ಟ್ರಾಮ್ ಹತ್ತಿ, ದಣಿದ ಮುಖವನ್ನು ಬಾಗಿಲಲ್ಲಿಯೇ ತಿದ್ದಿಕೊಂಡು ಒಳಗೆ ಕಾಲಿಡುವ ಉದ್ಯೋಗಸ್ಥರು. ಜೀವನೋಪಾಯಕ್ಕೆಂದು ಹಿಡಿದ ಈ ಕಾಯಕ ಕ್ರಮೇಣ ನನಗೆ ಪ್ರಿಯವಾದ ಒಂದು ಕಲೆಯಾಗಿ ಪರಿಣಮಿಸಿತು. ಅದರ ಸ್ವಾರಸ್ಯವೇನೆಂಬುದನ್ನು ಸಾವಕಾಶವಾಗಿ ಹೇಳಬೇಕೆಂಬುದೇ ಈ ಬರಹದ ಉದ್ದೇಶ.

ಇಂಗ್ಲಿಷ್ ಮೇಷ್ಟರಿಗೆ ಈ ಊರು ಪರಕೀಯವಾದುದಲ್ಲ. ಇಂದಿನ ಕುಮಾಮೊಟೊ ವಿಶ್ವವಿದ್ಯಾನಿಲಯದ ಆವರಣದಲ್ಲಿ ಕೆಂಪು ಇಟ್ಟಿಗೆಯ ಒಂದು ಹಳೆಯ ಕಟ್ಟಡವಿದೆ. ಮೇಜಿ ಕಾಲದ ‘ಐದನೆಯ ಉನ್ನತ ಶಾಲೆ’ ನಡೆದುದು ಅಲ್ಲಿ. ಗ್ರೀಕ್ ತಾಯಿ, ಐರಿಷ್ ತಂದೆಗಳ ಮಗನಾಗಿ ಹುಟ್ಟಿ, ಲೋಕವನ್ನೆಲ್ಲ ಅಲೆದು, ಕಟ್ಟಕಡೆಗೆ ಜಪಾನೀ ಪ್ರಜೆಯೇ ಆದ ಲಾಫ್ಕಾಡಿಯೋ ಹರ್ನ್ 1891ರಲ್ಲಿ ಆ ಶಾಲೆಗೆ ಬಂದು 1894ರವರೆಗೆ ಇಂಗ್ಲಿಷ್ ಬೋಧಿಸಿದನು. ತನ್ನ ಶಿಷ್ಯರು ಅರೆಬರೆ ಇಂಗ್ಲಿಷಿನಲ್ಲಿ ಬರೆದುಕೊಟ್ಟ ಪ್ರಬಂಧಗಳನ್ನು ಅವನು ಎಷ್ಟು ಆದರದಿಂದ ಓದುತ್ತಿದ್ದನೆಂಬುದಕ್ಕೆ, 1895ರಲ್ಲಿ ಪ್ರಕಟವಾದ ‘ಔಟ್ ಆಫ್ ದಿ ಈಸ್ಟ್’ ಎಂಬ ಅವನ ಗ್ರಂಥದಲ್ಲಿ ಕ್ಯೂಶುವಿನ ವಿದ್ಯಾರ್ಥಿಗಳನ್ನು ಕುರಿತ ಅಧ್ಯಾಯವೇ ಸಾಕ್ಷಿ. ಅವನ ತರುವಾಯ, 1896ರಲ್ಲಿ, ಅದೇ ಶಾಲೆಗೆ ಇಂಗ್ಲಿಷ್ ಉಪಾಧ್ಯಾಯನಾಗಿ ಬಂದವನು ಮುಂದೆ ಮಹಾಕಾದಂಬರಿಕಾರನೆನಿಸಿದ ನಾತ್ಸುಮೆ ಸೋಸೆಕಿ. 1900ರಲ್ಲಿ ಸರ್ಕಾರದ ಆಜ್ಞೆಯಂತೆ ಅವನು ಲಂಡನ್ನಿಗೆ ತೆರಳಿದ್ದೂ ಇಲ್ಲಿಂದಲೇ. ಒಬ್ಬನು ಇಂಗ್ಲಿಷನ್ನು ಹೊರಗಿನಿಂದ ತಂದವನು, ಇನ್ನೊಬ್ಬನು ಅದನ್ನು ಕಷ್ಟಪಟ್ಟು ಗಳಿಸಿದವನು. ರಜೆಯ ದಿನ ಆ ಕಟ್ಟಡದ ಮುಂದೆ ಹಾದುಹೋಗುವಾಗ, ನನ್ನ ವೃತ್ತಿಗೂ ಒಂದು ವಂಶಾವಳಿಯಿದೆಯೆಂಬ ಹೆಮ್ಮೆ ನನ್ನಲ್ಲಿ ಮೂಡುವುದುಂಟು.

ನಾವು ಅನುಸರಿಸುವ ಪದ್ಧತಿಗೂ ಒಂದು ಇತಿಹಾಸವಿದೆ. 1878ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ ಮ್ಯಾಕ್ಸಿಮಿಲಿಯನ್ ಬರ್ಲಿಟ್ಸ್ ಎಂಬಾತನು ಒಂದು ಭಾಷಾಶಾಲೆಯನ್ನು ತೆರೆದನು. ಫ್ರೆಂಚ್ ಕಲಿಸಲು ಅವನು ನೇಮಿಸಿಕೊಂಡ ಸಹಾಯಕನಿಗೆ ಇಂಗ್ಲಿಷ್ ಬಾರದು. ಬರ್ಲಿಟ್ಸನು ಕಾಯಿಲೆ ಬಿದ್ದಾಗ ಆ ಸಹಾಯಕನು ಕೈಸನ್ನೆ, ಮುಖಭಾವ, ಎದುರಿಗಿದ್ದ ವಸ್ತುಗಳು, ಇವುಗಳ ಬಲದಿಂದಲೇ ಪಾಠ ನಡೆಸಿದನಂತೆ. ವಾರಗಳ ಮೇಲೆ ಬರ್ಲಿಟ್ಸನು ಎದ್ದುಬಂದು ನೋಡಿದರೆ ವಿದ್ಯಾರ್ಥಿಗಳು ಫ್ರೆಂಚಿನಲ್ಲಿಯೇ ಉತ್ಸಾಹದಿಂದ ಮಾತಾಡುತ್ತಿದ್ದರಂತೆ. ಕಲಿಯುವವನ ಭಾಷೆಯನ್ನು ಬಳಸದೆ, ಕಲಿಸುವ ಭಾಷೆಯಲ್ಲಿಯೇ ಕಲಿಸುವ ಈ ಮಾರ್ಗ ಅಲ್ಲಿಂದ ದೇಶದೇಶಗಳಿಗೆ ಹಬ್ಬಿತು. ಜೇಮ್ಸ್ ಜಾಯ್ಸ್ 1904ರಲ್ಲಿ ಐರ್ಲೆಂಡನ್ನು ತೊರೆದು ಆಡ್ರಿಯಾಟಿಕ್ ತೀರದ ಪೋಲಾದಲ್ಲಿಯೂ, ಮರುವರ್ಷ ಟ್ರಿಯೆಸ್ಟಿನಲ್ಲಿಯೂ ಹೊಟ್ಟೆ ಹೊರೆದುಕೊಂಡದ್ದು ಬರ್ಲಿಟ್ಸ್ ಶಾಲೆಗಳಲ್ಲಿ ಪಾಠ ಹೇಳಿಯೇ. ನಮ್ಮ ಕೊಠಡಿಯಲ್ಲಿಯೂ ಮೇಜು, ನಾಲ್ಕಾರು ಕುರ್ಚಿ, ಬಿಳಿ ಹಲಗೆ, ಚಿತ್ರದ ಕಾರ್ಡುಗಳು, ಇವಿಷ್ಟೇ ಉಪಕರಣಗಳು. ಮಿಕ್ಕದ್ದೆಲ್ಲ ಕಣ್ಣು ಕಿವಿಗಳ ಕೆಲಸ.

ಆ ಕೆಲಸದ ಸೊಗಸು ಎಲ್ಲಕ್ಕಿಂತ ಹೆಚ್ಚಾಗಿ ಗೋಚರಿಸುವುದು ಉಚ್ಚಾರಣೆಯ ಪಾಠದಲ್ಲಿ. ಜಪಾನೀ ಭಾಷೆಯಲ್ಲಿ ರಕಾರ ಲಕಾರಗಳಿಗೆ ಬೇರೆ ಬೇರೆ ಸ್ಥಾನವಿಲ್ಲ; ನಾಲಿಗೆಯ ತುದಿ ಒಮ್ಮೆ ಅಂಗುಳನ್ನು ತಟ್ಟಿ ಹಿಂದಿರುಗುವಾಗ ಹುಟ್ಟುವ ಒಂದೇ ಧ್ವನಿ ಎರಡರ ಕಾರ್ಯವನ್ನೂ ನೆರವೇರಿಸುತ್ತದೆ. ಆದುದರಿಂದ ‘ಲೈಟ್’, ‘ರೈಟ್’ ಎಂಬ ಮಾತುಗಳನ್ನು ನಾಲಿಗೆಗೆ ಕಲಿಸುವ ಮೊದಲು ಕಿವಿಗೆ ಕಲಿಸಬೇಕು. ನಾನು ಅವರಿಗೆ ಬೆನ್ನು ಮಾಡಿ ನಿಂತು, ತುಟಿಯ ಚಲನೆ ಕಾಣದಂತೆ ಒಂದೊಂದೇ ಮಾತನ್ನು ಉಚ್ಚರಿಸುತ್ತೇನೆ. ಒಂದು ಕೇಳಿಸಿದರೆ ಎಡಗೈ, ಇನ್ನೊಂದು ಕೇಳಿಸಿದರೆ ಬಲಗೈ ಎತ್ತಬೇಕು. ಮೊದಮೊದಲು ಕೈಗಳು ಊಹೆಯಿಂದ ಏಳುತ್ತವೆ. ವಾರಗಳು ಕಳೆದಂತೆ ನಿಶ್ಚಯದಿಂದ ಏಳತೊಡಗುತ್ತವೆ. ಬಳಿಕ ಎಡ ಅಂಗೈಯನ್ನು ಅಂಗುಳವೆಂದೂ ಬಲ ಅಂಗೈಯನ್ನು ನಾಲಿಗೆಯೆಂದೂ ಭಾವಿಸಿ ತೋರಿಸುತ್ತೇನೆ: ಲಕಾರಕ್ಕೆ ಬೆರಳ ತುದಿ ಮೇಲಕ್ಕೆ ಹೋಗಿ ತಾಗಿ ನಿಲ್ಲುತ್ತದೆ, ಇಂಗ್ಲಿಷಿನ ರಕಾರಕ್ಕೆ ಬೆರಳುಗಳು ಹಿಂದಕ್ಕೆ ಬಾಗುತ್ತವೆ, ಎಲ್ಲಿಯೂ ತಾಗುವುದಿಲ್ಲ. ಆಸ್ಪತ್ರೆಯಲ್ಲಿ ದಾದಿಯಾಗಿರುವ ವಿದ್ಯಾರ್ಥಿನಿಯೊಬ್ಬರು ಕೈಚೀಲದಿಂದ ಪುಟ್ಟ ಕನ್ನಡಿ ತೆಗೆದು, ಬಾಯೊಳಗೆ ತಮ್ಮ ನಾಲಿಗೆಯ ಸಂಚಾರವನ್ನು ತಾವೇ ಪರೀಕ್ಷಿಸುತ್ತ, ಆ ಎರಡು ಧ್ವನಿಗಳನ್ನು ಮೊದಲ ಬಾರಿಗೆ ಬೇರ್ಪಡಿಸಿ ನುಡಿದಾಗ, ಕೊಠಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಗಾಯಕನಿಗೆ ಶ್ರುತಿ ಕೂಡಿದಾಗ ಆಗುವ ಆನಂದ ಆ ಗಳಿಗೆಯಲ್ಲಿ ನನಗಾಯಿತು.

ಕನ್ನಡಿಗನಾಗಿ ಹುಟ್ಟಿದ್ದು ಈ ಕೆಲಸದಲ್ಲಿ ನನಗೊಂದು ಭಾಗ್ಯವೆಂದೇ ಎಣಿಸುತ್ತೇನೆ. ಇಂಗ್ಲಿಷ್ ಪದಗಳ ಕೊನೆಗೆ ನನ್ನ ಶಿಷ್ಯರು ಒಂದು ಉಕಾರವನ್ನು ಸೇರಿಸಿ ‘ಬಸು’, ‘ಕಪ್ಪು’ ಎಂದರೆ, ಬಸ್ಸನ್ನು ‘ಬಸ್ಸು’ ಎಂದೂ ಬ್ಯಾಂಕನ್ನು ‘ಬ್ಯಾಂಕು’ ಎಂದೂ ಕರೆಯುವ ನಾಡಿನಿಂದ ಬಂದ ನನಗೆ ಅದರ ಕಾರಣವನ್ನು ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ. ‘ಕಣ್’, ‘ಕಾಲ್’ ಎಂಬ ಹಳಗನ್ನಡದ ಶಬ್ದಗಳನ್ನೇ ‘ಕಣ್ಣು’, ‘ಕಾಲು’ ಎಂದು ಸ್ವರಾಂತವಾಗಿಸಿಕೊಂಡವರು ನಾವು. ಕ್ರಿಯಾಪದವನ್ನು ವಾಕ್ಯದ ತುದಿಗಿಡುವುದರಲ್ಲಿಯೂ, ಹಿರಿಯರೊಡನೆ ಮಾತಾಡುವಾಗ ಕ್ರಿಯಾಪದದಲ್ಲಿಯೇ ಗೌರವವನ್ನು ತೋರುವುದರಲ್ಲಿಯೂ ಜಪಾನೀ ಕನ್ನಡದ ಹಾದಿಯಲ್ಲಿಯೇ ನಡೆಯುತ್ತದೆ. ಕರ್ತೃವಿನ ಬೆನ್ನಿಗೇ ಕ್ರಿಯಾಪದವನ್ನು ತಂದು ನಿಲ್ಲಿಸುವ ಇಂಗ್ಲಿಷಿನ ಅವಸರ ಅವರಿಗೆ ಏಕೆ ಒಗ್ಗದು, ನಾಮಪದದ ಮುಂದೆ ‘ಎ’ ಬರಬೇಕೋ ‘ದಿ’ ಬರಬೇಕೋ ಎಂಬಲ್ಲಿ ಅವರೇಕೆ ತಡವರಿಸುತ್ತಾರೆ, ಇವೆಲ್ಲ ನಾನು ಬಾಲ್ಯದಲ್ಲಿ ದಾಟಿ ಬಂದ ಹೊಳೆಗಳೇ. ಇಂಗ್ಲಿಷನ್ನು ತಾಯ ಮಡಿಲಲ್ಲಿ ಕಲಿತ ಸಹೋದ್ಯೋಗಿಗಳ ನುಡಿಯ ಲೀಲಾಜಾಲವನ್ನು ನಾನು ಮೆಚ್ಚುತ್ತೇನೆ; ಆದರೆ ಹೊಳೆಯ ಆಳ ಎಲ್ಲಿ, ಕಾಲೂರುವ ಕಲ್ಲು ಎಲ್ಲಿ ಎಂಬುದನ್ನು ಬಲ್ಲವನು ದಾಟಿದವನೇ.

ಇಷ್ಟಾಗಿಯೂ ಈ ವೃತ್ತಿಯ ಸಾರಸರ್ವಸ್ವ ಅಡಗಿರುವುದು ಕಲಿಸುವವನ ಮಾತಿನಲ್ಲಲ್ಲ, ಅವನ ಸಂಯಮದಲ್ಲಿ. ಜಪಾನೀ ವಿದ್ಯಾರ್ಥಿ ಪ್ರಶ್ನೆ ಕೇಳಿದೊಡನೆ ಉತ್ತರಿಸುವವನಲ್ಲ. ವಾಕ್ಯವನ್ನು ಮನಸ್ಸಿನಲ್ಲಿ ಪೂರ್ಣವಾಗಿ ರಚಿಸಿ, ದೋಷವಿಲ್ಲವೆಂದು ನಂಬಿಕೆ ಬಂದ ಮೇಲಷ್ಟೇ ತುಟಿ ತೆರೆಯುತ್ತಾನೆ. ಆ ಮೌನವನ್ನು ಅಜ್ಞಾನವೆಂದು ತಿಳಿದು, ಉತ್ತರವನ್ನು ತಾನೇ ಒದಗಿಸಿಬಿಡುವ ಉಪಾಧ್ಯಾಯನು ಮೊಗ್ಗನ್ನು ಕಿತ್ತಂತಾಗುತ್ತದೆ. ಒಂದು ಸಂಜೆ, ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರನ್ನು, ಹಿಂದಿನ ದಿನ ಮನೆಯಲ್ಲಿ ಏನು ನಡೆಯಿತೆಂದು ಕೇಳಿದೆ. ಅವರು ಕಣ್ಣು ಮುಚ್ಚಿದರು. ಗಡಿಯಾರದ ಮುಳ್ಳು ಸಾಗಿತು. ನಾನೂ ಸುಮ್ಮನೆ ಕುಳಿತೆ, ಪಕ್ಕದವರೂ ಕುಳಿತರು. ಕೊನೆಗೆ ಅವರು ಒಂದೊಂದು ಪದಕ್ಕೂ ನೆಲೆ ನೋಡಿಕೊಂಡು, ‘ಆಸೊ ಸ್ಮೋಕ್ಡ್. ಮೈ ವೈಫ್ ವಾಶ್ಡ್ ಎಗೇನ್’ ಎಂದರು. ನಗರದ ಮೂಡಲಲ್ಲಿರುವ ಆಸೊ ಜ್ವಾಲಾಮುಖಿ ಹೊಗೆಯುಗುಳಿ, ಒಣಹಾಕಿದ್ದ ಬಟ್ಟೆಗಳ ಮೇಲೆ ಬೂದಿ ಸುರಿದು, ಮನೆಯಾಕೆ ಎಲ್ಲವನ್ನೂ ಮತ್ತೆ ಒಗೆಯಬೇಕಾಯಿತೆಂಬ ಇಡೀ ವೃತ್ತಾಂತ ಆ ಎರಡು ವಾಕ್ಯಗಳಲ್ಲಿತ್ತು. ಕುಮಾಮೊಟೊದ ಮನೆಗಳನ್ನು ಬಲ್ಲ ಸಹಪಾಠಿಗಳು ‘ಹೌದು, ಹೌದು’ ಎಂದು ತಲೆದೂಗಿ, ತಮ್ಮ ತಮ್ಮ ಮನೆಯ ಬೂದಿಯ ಕಥೆಗಳನ್ನು ಇಂಗ್ಲಿಷಿನಲ್ಲಿಯೇ ಹೇಳತೊಡಗಿದರು. ಆ ಗಂಟೆಯ ಪಾಠವನ್ನು ನಡೆಸಿದವರು ಅವರು, ಹಲಗೆಯ ಮೇಲೆ ಬೇಕಾದ ಪದಗಳನ್ನು ಬರೆದುಕೊಟ್ಟವನಷ್ಟೇ ನಾನು. ಪಠ್ಯಪುಸ್ತಕದ ಯಾವ ವಾಕ್ಯಕ್ಕೂ ಇಲ್ಲದ ಒಂದು ಕಾಂತಿ, ತನ್ನ ಬದುಕಿನೊಳಗಿಂದ ಎದ್ದು ಬಂದ ವಾಕ್ಯಕ್ಕೆ ಇರುತ್ತದೆ.

ಈ ಶಾಲೆಗಳು ವಾಣಿಜ್ಯ ಸಂಸ್ಥೆಗಳೆಂಬುದನ್ನು ಮರೆಯಲಾಗದು. ಹೊಸಬರನ್ನು ಸೇರಿಸಿಕೊಳ್ಳಲು ಪ್ರಾಯೋಗಿಕ ಪಾಠಗಳು, ಪುಸ್ತಕಗಳ ಮಾರಾಟ, ಮುಂಗಡ ಶುಲ್ಕ, ಇವೆಲ್ಲ ಇದ್ದದ್ದೇ. 2007ರಲ್ಲಿ ದೇಶದ ಅತಿದೊಡ್ಡ ಸಂಭಾಷಣಾಶಾಲೆಗಳ ಸಂಸ್ಥೆಯೊಂದು ಕುಸಿದುಬಿದ್ದಾಗ, ಸಂಬಳವಿಲ್ಲದ ಉಪಾಧ್ಯಾಯರೂ, ಮುಂಗಡ ಕಟ್ಟಿದ್ದ ವಿದ್ಯಾರ್ಥಿಗಳೂ ಒಟ್ಟಿಗೇ ಬೀದಿಗೆ ಬಿದ್ದರು. ಜ್ಞಾನವನ್ನು ಸರಕಾಗಿಸುವ ವ್ಯವಹಾರದಲ್ಲಿ ಈ ಅಪಾಯ ಎಂದೂ ಇದ್ದೇ ಇರುತ್ತದೆ. ಆದರೆ ಬಾಗಿಲು ಮುಚ್ಚಿ, ಆರು ಮಂದಿಯೊಡನೆ ಮೇಜಿನ ಸುತ್ತ ಕುಳಿತ ಮೇಲೆ, ಆ ಐವತ್ತು ನಿಮಿಷಗಳು ಯಾರ ಲೆಕ್ಕದ ಪುಸ್ತಕಕ್ಕೂ ಸೇರಿದವಲ್ಲ.

ಬರುವವರ ಪ್ರಯೋಜನಗಳು ನಾನಾ ವಿಧ. ಒಬ್ಬರಿಗೆ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯ 990 ಅಂಕಗಳಲ್ಲಿ ಕಂಪನಿ ಕೇಳಿದಷ್ಟು ಬಂದರೆ ಬಡ್ತಿ. 2024ರಲ್ಲಿ ಪಕ್ಕದ ಕಿಕುಯೋದಲ್ಲಿ ತೈವಾನಿನ ಕಂಪನಿಯ ಚಿಪ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ, ಹೊರದೇಶದ ಎಂಜಿನಿಯರುಗಳೊಡನೆ ಮಾತಾಡಬೇಕೆಂಬ ಅಗತ್ಯ ಮತ್ತೊಬ್ಬರಿಗೆ. ವಿದೇಶದಲ್ಲಿ ಹುಟ್ಟಿದ ಮೊಮ್ಮಗಳೊಡನೆ ದೂರವಾಣಿಯಲ್ಲಿ ಹರಟಬೇಕೆಂಬ ಹಂಬಲ ಇನ್ನೊಬ್ಬ ಅಜ್ಜಿಗೆ. ಪ್ರಯೋಜನ ಯಾವುದೇ ಇರಲಿ, ವಯಸ್ಸಾದ ಮೇಲೆ ಪುನಃ ತೊದಲಲು ಒಪ್ಪುವುದಕ್ಕೆ ದೊಡ್ಡ ಮನಸ್ಸು ಬೇಕು. ತಮ್ಮ ಉದ್ಯೋಗದಲ್ಲಿ ಪ್ರವೀಣರಾದವರು, ಮನೆಯಲ್ಲಿ ಹಿರಿಯರೆನಿಸಿದವರು, ಇಲ್ಲಿ ಬಂದು ನನ್ನನ್ನು ‘ಸೆನ್ಸೇ’, ಎಂದರೆ ಗುರುಗಳೇ, ಎಂದು ಕರೆದು, ಮಗುವಿನಂತೆ ಒಂದೊಂದೇ ವಾಕ್ಯವನ್ನು ಕಟ್ಟುತ್ತಾರೆ. ಆ ವಿನಯವನ್ನು ದಿನವೂ ಎದುರಿಗೆ ಕಾಣುವ ಉದ್ಯೋಗ ಲೋಕದಲ್ಲಿ ಎಷ್ಟು ಮಂದಿಗೆ ದೊರಕೀತು? ಮಾತನ್ನು ಕಲಿಸುವುದೆಂದರೆ ಇನ್ನೊಬ್ಬರ ಮಾತಿಗೆ ಎಡೆಮಾಡಿಕೊಡುವುದು. ಅವರು ನನ್ನ ನೆರವಿಲ್ಲದೆ ಮಾತಾಡುವಂತಾದಾಗ ನನ್ನ ಕೆಲಸ ಸಾರ್ಥಕವಾಗುತ್ತದೆ, ಮತ್ತು ಅವರು ತೆರವು ಮಾಡಿದ ಕುರ್ಚಿಗೆ, ‘ಹಲೋ’ ಎನ್ನಲೂ ಅಂಜುವ ಹೊಸಬರೊಬ್ಬರು ಬಂದು ಕುಳಿತುಕೊಳ್ಳುತ್ತಾರೆ. ಅವರಿಗಾಗಿ ನಾನು ನಾಳೆಯ ಪಾಠವನ್ನು ಸಂತೋಷದಿಂದಲೇ ಸಿದ್ಧಪಡಿಸುತ್ತೇನೆ.